ಹ್ಯಾಮ್ ಟಿವಿ ಶುರು ಮಾಡುವವರಿಗೆ: ಮೊದಲು ಜಾಗದ ಲೆಕ್ಕ

ದಾವಣಗೆರೆ, ಚಿತ್ರದುರ್ಗದ ಕಡೆ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್‌ಗೆ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಮಾಡ್ಯುಲೇಷನ್, ಡೆಸಿಬೆಲ್, ಆಂಟೆನಾ ಗೇನ್ ಇವನ್ನು ಒಂದು ಸಲ ಓದಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ಹೊಸಬರು ಬಂದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ: "ಅಣ್ಣ, ಈ ವಾಕಿಟಾಕಿಯಲ್ಲಿ ಮಾತು ಹೋಗುತ್ತಲ್ಲ, ವಿಡಿಯೋ ಯಾಕೆ ಹೋಗಲ್ಲ?"

ಉತ್ತರ ಇರುವುದು ಬ್ಯಾಂಡ್‌ವಿಡ್ತ್‌ನಲ್ಲಿ, ಅಂದರೆ ಸಿಗ್ನಲ್ ಹಿಡಿಯುವ ಫ್ರೀಕ್ವೆನ್ಸಿ ಜಾಗದಲ್ಲಿ. ಮಾತಿಗೆ 300ರಿಂದ 3000 ಹರ್ಟ್ಸ್‌ವರೆಗಿನ ಜಾಗ ಸಾಕು. ನಮ್ಮ ಹಳೆಯ ಪಾಲ್ ಟಿವಿ ಚಿತ್ರದಲ್ಲಿ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅದಕ್ಕೆ 5 ಮೆಗಾಹರ್ಟ್ಸ್ ವಿಡಿಯೋ ಬೇಕು. ಅಂದರೆ ಮಾತಿಗಿಂತ ಸಾವಿರದ ಲೆಕ್ಕದಲ್ಲಿ ಜಾಸ್ತಿ. ಹಾಗಾಗಿ ಹ್ಯಾಮ್ ಟಿವಿಯಲ್ಲಿ ಮುಖ್ಯ ದಾರಿ ಎರಡು. ಚಿತ್ರವನ್ನು ನಿಧಾನ ಮಾಡಿ ಮಾತಿನ ಜಾಗದಲ್ಲೇ ತೂರಿಸಬೇಕು, ಇಲ್ಲ ಅಗಲವಾದ ಬ್ಯಾಂಡ್ ಹುಡುಕಬೇಕು. ಡಿಜಿಟಲ್‌ನಲ್ಲಿ ಹಿಸುಕಿ ಕಳಿಸುವ ಮೂರನೆಯ ದಾರಿ ಕೊನೆಯಲ್ಲಿ ಬರುತ್ತದೆ. ಯಾವ ಸೆಟ್ ಕೊಳ್ಳಬೇಕು ಅನ್ನುವುದು ಆಮೇಲಿನ ಮಾತು.

ಹೊರದೇಶದ ಪಾಠ ನಮಗೆ ಹೊಂದಲ್ಲ

ಹ್ಯಾಮ್ ಟಿವಿ ಬಗ್ಗೆ ಹುಡುಕಿದರೆ ಮೊದಲು ಸಿಗುವುದು ಅಮೆರಿಕದವರ ಪಾಠ. "70 ಸೆಂಟಿಮೀಟರ್ ಬ್ಯಾಂಡಿನಲ್ಲಿ ಎಎಂ ಟಿವಿಯಿಂದ ಶುರು ಮಾಡಿ, ಮನೆಯ ಹಳೆಯ ಕೇಬಲ್ ಟಿವಿಯಲ್ಲೇ ನೋಡಿ" ಅನ್ನುತ್ತಾರೆ. ಅವರಿಗೆ ಅದು ಸರಿ. ಅವರ ಆ ಬ್ಯಾಂಡ್ 420ರಿಂದ 450 ಮೆಗಾಹರ್ಟ್ಸ್‌ವರೆಗೆ ಇದೆ, ಅಂದರೆ 30 ಮೆಗಾಹರ್ಟ್ಸ್ ಅಗಲ. ಅವರ ಟಿವಿ ಚಾನೆಲ್ಲಿಗೆ ಬೇಕಾದ್ದು 6 ಮೆಗಾಹರ್ಟ್ಸ್.

ನಮ್ಮಲ್ಲಿ ಅದೇ ಬ್ಯಾಂಡ್ 434ರಿಂದ 438. ಬರೀ 4 ಮೆಗಾಹರ್ಟ್ಸ್! ಪಾಲ್ ಚಾನೆಲ್ಲಿಗೆ 7 ಬೇಕು. ಸರಿಯಾಗಿ ನಡುವೆ ಕೂರಿಸಿದರೂ ಎರಡೂ ಕಡೆ ಬ್ಯಾಂಡ್ ದಾಟಿ ಹೊರಗೆ ಚಾಚುತ್ತದೆ. ಮೇಲಾಗಿ 435ರಿಂದ 438ರಲ್ಲಿ ಹ್ಯಾಮ್ ಉಪಗ್ರಹಗಳು ಮಾತಾಡುತ್ತಿರುತ್ತವೆ. ಆದ್ದರಿಂದ ಆ ಪಾಠವನ್ನು ಓದಿ ತಿಳಿದುಕೊಳ್ಳಿ, ಇಲ್ಲಿ ಮಾಡಲು ಹೋಗಬೇಡಿ.

ನಮಗೆ ಅಗಲ ಜಾಗ ಇರುವುದು ಮೇಲಿನ ಬ್ಯಾಂಡುಗಳಲ್ಲಿ. 1260ರಿಂದ 1300 ಮೆಗಾಹರ್ಟ್ಸ್ ಒಂದು, 5725ರಿಂದ 5840 ಇನ್ನೊಂದು. ಕೆಳಗಿನ ಬ್ಯಾಂಡುಗಳಲ್ಲಿ ನಿಧಾನ ಸ್ಕ್ಯಾನ್ ಟಿವಿ, ಅಂದರೆ ಎಸ್‌ಎಸ್‌ಟಿವಿ.

ಎಸ್‌ಎಸ್‌ಟಿವಿ: ಇಲ್ಲಿಂದಲೇ ಶುರು ಮಾಡಿ

ಇದು ಓಡುವ ವಿಡಿಯೋ ಅಲ್ಲ, ಒಂದೊಂದೇ ನಿಂತ ಚಿತ್ರ. ಕೆಲವರು "ಇದೆಂಥ ಟಿವಿ" ಅಂತ ಮೂಗು ಮುರಿಯುತ್ತಾರೆ. ಆದರೆ ಟಿವಿ ಹೇಗೆ ಕೆಲಸ ಮಾಡುತ್ತದೆ ಅಂತ ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಇದರಲ್ಲೇ. ಖರ್ಚೂ ಇಲ್ಲ ಅನ್ನುವಷ್ಟು ಕಡಿಮೆ.

1957-58ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕಾಪ್‌ಥಾರ್ನ್ ಮ್ಯಾಕ್‌ಡೊನಾಲ್ಡ್ ಇದನ್ನು ಕಟ್ಟಿದ. ಆಗ 120 ಗೆರೆಯ ಕಪ್ಪುಬಿಳುಪು ಚಿತ್ರ, ಒಂದು ಚಿತ್ರಕ್ಕೆ 8 ಸೆಕೆಂಡು. ಕೆಳಗಿನ ಗೆರೆ ಬರುವ ಹೊತ್ತಿಗೆ ಮೇಲಿನ ಗೆರೆ ಮಾಸಿ ಹೋಗಬಾರದಲ್ವಾ, ಅದಕ್ಕೆ ಬೆಳಕು ಬೇಗ ಆರದ ರೇಡಾರ್ ಪಿಕ್ಚರ್ ಟ್ಯೂಬ್ ಬಳಸುತ್ತಿದ್ದರು. ಈಗ ಮೊಬೈಲ್ ಸಾಕು.

ತತ್ವ ಇಷ್ಟೇ: ಬೆಳಕನ್ನು ಸ್ವರ ಮಾಡುವುದು. ಕಪ್ಪಿಗೆ 1500 ಹರ್ಟ್ಸ್, ಬಿಳಿಗೆ 2300. ನಡುವಿನ ಬೂದು ಬಣ್ಣಗಳಿಗೆ ನಡುವಿನ ಸ್ವರಗಳು. ಗೆರೆಯ ಗುರುತಿಗೆ 1200 ಹರ್ಟ್ಸ್‌ನ ಸಿಂಕ್. ಎಲ್ಲವೂ ಮಾತಿನ ಜಾಗದೊಳಗೇ ಕೂತವು, ನೋಡಿ. ಬಣ್ಣದ ಚಿತ್ರವಾದರೆ ಮಾರ್ಟಿನ್ ಎಂ1 ವಿಧಾನದಲ್ಲಿ ಪ್ರತಿ ಗೆರೆಯನ್ನೂ ಹಸಿರು, ನೀಲಿ, ಕೆಂಪು ಅಂತ ಮೂರು ಸಲ ಕಳಿಸುತ್ತಾರೆ. 256 ಗೆರೆ ಮುಗಿಯಲು ಸುಮಾರು 114 ಸೆಕೆಂಡು. ರೋಬೋಟ್ 36 ವಿಧಾನಕ್ಕೆ ಹೆಸರೇ ಹೇಳುವಂತೆ 36 ಸೆಕೆಂಡು, ಚಿತ್ರ ಸ್ವಲ್ಪ ಮಂದ.

ಇವುಗಳಲ್ಲಿ ಬರುತ್ತಿರುವುದು ಯಾವ ವಿಧಾನ ಅಂತ ಸಾಫ್ಟ್‌ವೇರ್‌ಗೆ ಹೇಗೆ ಗೊತ್ತಾಗುತ್ತದೆ? ಶುರುವಿನಲ್ಲಿ 1900 ಹರ್ಟ್ಸ್‌ನ ಉದ್ದ ಶಿಳ್ಳೆ ಕೇಳುತ್ತದಲ್ಲ, ಅದರ ಹಿಂದೆಯೇ ವಿಐಎಸ್ ಕೋಡ್ ಬರುತ್ತದೆ. 1100 ಹರ್ಟ್ಸ್ ಅಂದರೆ 1, 1300 ಅಂದರೆ 0, ಒಂದೊಂದು ಬಿಟ್‌ಗೆ 30 ಮಿಲಿಸೆಕೆಂಡು. ಕೋಡ್ 44 ಆದರೆ ಮಾರ್ಟಿನ್ ಎಂ1, 8 ಆದರೆ ರೋಬೋಟ್ 36. ಈ ಶುರುವಿನ ಶಿಳ್ಳೆ ತಪ್ಪಿಹೋದರೆ ವಿಧಾನವನ್ನು ಕೈಯಾರೆ ಆರಿಸಬೇಕು.

ಎರಡು ದೋಷಗಳನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಿ, ಪರೀಕ್ಷೆಯಲ್ಲಿ ಕೇಳದಿದ್ದರೂ.

ಮೊದಲನೆಯದು ಓರೆ. ಚಿತ್ರ ನೇರ ಇಳಿಯದೆ ಒಂದು ಕಡೆಗೆ ವಾಲುತ್ತದೆ. ಕಳಿಸುವವರ ಗಡಿಯಾರಕ್ಕೂ ನಿಮ್ಮ ಸೌಂಡ್ ಕಾರ್ಡಿನ ಗಡಿಯಾರಕ್ಕೂ ತಾಳೆಯಾಗದಿದ್ದರೆ ಹೀಗಾಗುತ್ತದೆ. ಲೆಕ್ಕ ಹಾಕೋಣ. ಹತ್ತು ಲಕ್ಷಕ್ಕೆ 100 ಪಾಲು ವ್ಯತ್ಯಾಸ ಅಂದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಷ್ಟು ಚಿಕ್ಕದು. ಆದರೆ 114 ಸೆಕೆಂಡಿನಲ್ಲಿ ಅದು 11.4 ಮಿಲಿಸೆಕೆಂಡು ಆಗುತ್ತದೆ. ಎಂ1ರಲ್ಲಿ ಒಂದು ಗೆರೆಯ ಒಂದು ಬಣ್ಣದ 320 ಚುಕ್ಕಿಗೆ (ಪಿಕ್ಸೆಲ್) 146.4 ಮಿಲಿಸೆಕೆಂಡು, ಅಂದರೆ ಒಂದು ಚುಕ್ಕಿಗೆ 0.46. ಹಾಗಾದರೆ ಕೊನೆಯ ಗೆರೆ ಬರುವ ಹೊತ್ತಿಗೆ ಚಿತ್ರ 25 ಚುಕ್ಕಿಯಷ್ಟು ಸರಿದಿರುತ್ತದೆ! ಸಾಫ್ಟ್‌ವೇರ್‌ನಲ್ಲಿ ಇದನ್ನು ಒಮ್ಮೆ ಸರಿಪಡಿಸಿಟ್ಟರೆ ಆಯಿತು.

ಎರಡನೆಯದು ಬಣ್ಣ ಕೆಡುವುದು. ಒಂದೇ ಸೈಡ್‌ಬ್ಯಾಂಡ್ ಕಳಿಸುವ ಎಸ್‌ಎಸ್‌ಬಿ ವಿಧಾನದಲ್ಲಿ ಟ್ಯೂನಿಂಗ್ 100 ಹರ್ಟ್ಸ್ ತಪ್ಪಿದರೆ ಎಲ್ಲ ಸ್ವರಗಳೂ 100 ಹರ್ಟ್ಸ್ ಏರುತ್ತವೆ ಅಥವಾ ಇಳಿಯುತ್ತವೆ. ಕಪ್ಪಿನಿಂದ ಬಿಳಿಗೆ ಇರುವುದೇ 800 ಹರ್ಟ್ಸ್. ಬೆಳಕಿನಲ್ಲಿ ಎಂಟನೇ ಒಂದು ಭಾಗ ತಪ್ಪಿದ ಹಾಗೆ. ಸಾಫ್ಟ್‌ವೇರ್ ಸ್ವಲ್ಪ ಸುಧಾರಿಸಿಕೊಳ್ಳುತ್ತದೆ, ಆದರೂ ಮೊದಲು ಮಾತು ಕೇಳಿ ಟ್ಯೂನ್ ಮಾಡಿ, ಆಮೇಲೆ ಚಿತ್ರ. ಎಫ್‌ಎಂನಲ್ಲಿ ಈ ತೊಂದರೆ ಇಲ್ಲ.

ಕೇಳುವುದೆಲ್ಲಿ? ಎಚ್‌ಎಫ್‌ನಲ್ಲಿ (3ರಿಂದ 30 ಮೆಗಾಹರ್ಟ್ಸ್) 14.230 ಮೆಗಾಹರ್ಟ್ಸ್ ಜಗತ್ತಿನ ಎಸ್‌ಎಸ್‌ಟಿವಿ ಕಟ್ಟೆ. ಮೇಲೆ ಆಕಾಶದಲ್ಲಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಆಗಾಗ 145.800ರಲ್ಲಿ ಎಫ್‌ಎಂ ಮೂಲಕ ಚಿತ್ರ ಕಳಿಸುತ್ತದೆ. ದಿನಾಂಕವನ್ನು ಮೊದಲೇ ಹೇಳುತ್ತಾರೆ. ಅಲ್ಲಿಂದ ಸಾಮಾನ್ಯವಾಗಿ ಬರುವುದು ಪಿಡಿ 120 ವಿಧಾನ, ಒಂದು ಚಿತ್ರಕ್ಕೆ 126 ಸೆಕೆಂಡು. ನಿಲ್ದಾಣ ನಮ್ಮ ತಲೆಯ ಮೇಲಿಂದ ದಾಟಲು ಹೆಚ್ಚೆಂದರೆ ಹತ್ತು ನಿಮಿಷ. ಚಿತ್ರಗಳ ನಡುವೆ ಬಿಡುವೂ ಇರುವುದರಿಂದ ಒಂದು ಸಲಕ್ಕೆ ಎರಡೋ ಮೂರೋ ಚಿತ್ರ ಸಿಗುತ್ತವೆ. ತಾರಸಿಯ ಮೇಲೆ ಕೈಯಲ್ಲಿ ಹಿಡಿಯುವ ಯಾಗಿ ಆಂಟೆನಾ ಇದ್ದರೆ ಒಳ್ಳೆಯದು. ಬರೀ ವಾಕಿಟಾಕಿಯಾದರೆ ಅದರ ಆಂಟೆನಾ ತುದಿಯನ್ನು ನಿಲ್ದಾಣದ ಕಡೆ ಚಾಚಬೇಡಿ, ಅಡ್ಡ ಹಿಡಿಯಿರಿ. ತುದಿಯ ದಿಕ್ಕಿನಿಂದ ಅದು ಬಹಳ ಕಡಿಮೆ ಹಿಡಿಯುತ್ತದೆ.

ಸ್ಪೀಕರ್ ಮುಂದೆ ಮೊಬೈಲ್ ಹಿಡಿದು ರೋಬೋಟ್36 ಆ್ಯಪ್ ತೆರೆದರೆ ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಬೀದಿಯಲ್ಲಿ ಹಾರ್ನ್ ಹೊಡೆದರೆ ಅದೂ ಚಿತ್ರದಲ್ಲಿ ಬಣ್ಣದ ಪಟ್ಟಿಯಾಗಿ ಕೂರುತ್ತದೆ. ಸದ್ದು ಬೇಡ ಅಂದರೆ ಆಡಿಯೋ ವೈರ್ ಹಾಕಿ.

ಕಳಿಸುವಾಗ ಒಂದು ಎಚ್ಚರ. ಮಾತಾಡುವಾಗ ಟ್ರಾನ್ಸ್‌ಮೀಟರ್‌ಗೆ ನಡುನಡುವೆ ಉಸಿರು ಸಿಗುತ್ತದೆ. ಎಸ್‌ಎಸ್‌ಟಿವಿಯಲ್ಲಿ ಎರಡು ನಿಮಿಷ ಪೂರ್ತಿ ಕೀ ಒತ್ತಿದ ಸ್ಥಿತಿ. ಐದು ವ್ಯಾಟಿನ ಕೈಸೆಟ್ಟು ಕಾದು ಹೋಗುತ್ತದೆ. ಪವರ್ ಇಳಿಸಿ, ನಮ್ಮ ಬೇಸಿಗೆಯಲ್ಲಂತೂ ಇನ್ನೂ ಇಳಿಸಿ.

ಓಡುವ ಚಿತ್ರ: 5.8 ಗಿಗಾಹರ್ಟ್ಸ್

ಡ್ರೋನ್ ಹಾರಿಸುವವರು ಬಳಸುವ ಚಿಕ್ಕ ವಿಡಿಯೋ ಟ್ರಾನ್ಸ್‌ಮೀಟರ್ ಈ ಬ್ಯಾಂಡಿನದು. ಕ್ಯಾಮೆರಾದ ವಿಡಿಯೋ ಸಿಗ್ನಲ್ ಕೊಟ್ಟರೆ ಎಫ್‌ಎಂ ಮಾಡಿ ಕಳಿಸುತ್ತದೆ. ಲೈಸೆನ್ಸ್ ಇರುವ ಹೊಸಬರಿಗೆ ಓಡುವ ಚಿತ್ರದ ಅತಿ ಸುಲಭದ ದಾರಿ ಇದೇ ಅಂತ ನನ್ನ ಅಭಿಪ್ರಾಯ.

ಎಫ್‌ಎಂ ಯಾಕೆ? ದುರ್ಬಲ ಟ್ರಾನ್ಸ್‌ಮೀಟರ್‌ನಿಂದಲೂ ಶುದ್ಧ ಚಿತ್ರ ಸಿಗುತ್ತದೆ, ಜಾಗ ಮಾತ್ರ ಜಾಸ್ತಿ ತಿನ್ನುತ್ತದೆ. ಎಫ್‌ಎಂ ಸಿಗ್ನಲಿನ ಅಗಲ ಲೆಕ್ಕ ಹಾಕುವ ಕಾರ್ಸನ್ ನಿಯಮ ನೆನಪಿದೆಯಾ? ಡೀವಿಯೇಷನ್ (ಫ್ರೀಕ್ವೆನ್ಸಿ ನಡುವಿನಿಂದ ಸರಿಯುವ ದೂರ) 3.5 ಮೆಗಾಹರ್ಟ್ಸ್, ಶಬ್ದದ ಸಬ್‌ಕ್ಯಾರಿಯರ್ ಸೇರಿ ಮೇಲಿನ ಫ್ರೀಕ್ವೆನ್ಸಿ ಸುಮಾರು 6. ಕೂಡಿ ಎರಡರಿಂದ ಗುಣಿಸಿ: 19 ಮೆಗಾಹರ್ಟ್ಸ್. ಎಫ್‌ಎಂ ವಿಡಿಯೋ ನಮ್ಮ ನಾಡಿಗೆ ಹೊಸದೇನಲ್ಲ. ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ಪಾಠ ಕಳಿಸಿದ 1975-76ರ ಸೈಟ್ ಪ್ರಯೋಗದಲ್ಲಿ ಎಟಿಎಸ್-6 ಉಪಗ್ರಹ 860 ಮೆಗಾಹರ್ಟ್ಸ್‌ನಲ್ಲಿ ಎಫ್‌ಎಂ ಟಿವಿ ಕಳಿಸಿತ್ತು. ಉತ್ತರ ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. ಡಿಶ್ ಮಾಡಿದ್ದು ಕೋಳಿ ಜಾಲರಿಯಲ್ಲಿ.

ಈಗ 19 ಮೆಗಾಹರ್ಟ್ಸ್ ಇಟ್ಟುಕೊಂಡು ಡ್ರೋನ್ ಸೆಟ್ಟಿನ ಚಾನೆಲ್ ಪಟ್ಟಿ ನೋಡಿ. ಎಫ್ ಸಾಲಿನಲ್ಲಿ 5740, 5760, 5780, 5800, 5820, 5840, 5860, 5880. ಕೊನೆಯ ಎರಡು ನಮ್ಮ ಬ್ಯಾಂಡಿನ ಹೊರಗೇ ಇವೆ. 5840 ಮೇಲ್ನೋಟಕ್ಕೆ ಒಳಗಿದ್ದ ಹಾಗೆ ಕಾಣುತ್ತದೆ. ಆದರೆ ಅದು ನಡುವಿನ ಫ್ರೀಕ್ವೆನ್ಸಿ, ಅರ್ಧ ಸಿಗ್ನಲ್ ಗಡಿ ದಾಟಿರುತ್ತದೆ. ಹಾಗಾಗಿ ನಮಗೆ ಉಳಿದದ್ದು ಮೊದಲ ಐದು. ಚಾನೆಲ್ ನಂಬರ್ ನೋಡಿ ಸುಮ್ನೆ ಗುಂಡಿ ಒತ್ತಬಾರದು ಅನ್ನುವುದು ಇದಕ್ಕೇ.

ದೂರ ಎಷ್ಟು? 5800 ಮೆಗಾಹರ್ಟ್ಸ್‌ಗೆ 1 ಕಿಲೋಮೀಟರಿನಲ್ಲಿ ದಾರಿನಷ್ಟ ಸುಮಾರು 108 ಡಿಬಿ. 25 ಮಿಲಿವ್ಯಾಟ್ ಅಂದರೆ 14 ಡಿಬಿಎಂ. ಎರಡೂ ಕಡೆ 2 ಡಿಬಿಯ ಸಣ್ಣ ಆಂಟೆನಾ. ಕೊನೆಗೆ ರಿಸೀವರ್‌ಗೆ ಸಿಗುವುದು ಮೈನಸ್ 90 ಡಿಬಿಎಂ, ಚಿತ್ರದ ತುಂಬ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ. ರಿಸೀವರ್ ಕಡೆ ಮಾತ್ರ 24 ಡಿಬಿಯ ಜಾಲರಿ ಡಿಶ್ ಹಾಕಿದರೆ 22 ಡಿಬಿ ಲಾಭ, ಅದೇ ಗುಣಮಟ್ಟ ಲೆಕ್ಕದಲ್ಲಿ ಹನ್ನೆರಡು ಪಟ್ಟು ದೂರಕ್ಕೆ ಸಿಗಬೇಕು. ಪವರ್ ಏರಿಸುವುದಕ್ಕಿಂತ ಆಂಟೆನಾಕ್ಕೆ ದುಡ್ಡು ಹಾಕಿ.

ಅಡ್ಡ ಏನೂ ಇರಬಾರದು, ಅಷ್ಟೆ. ದಾವಣಗೆರೆ ಸಮತಟ್ಟು, ಪಿ.ಜೆ. ಬಡಾವಣೆಯ ತಾರಸಿಯಿಂದ ವಿದ್ಯಾನಗರದ ತಾರಸಿಗೆ ನೋಡುವಾಗ ತೊಂದರೆ ಕೊಡುವುದು ತೆಂಗಿನ ಮರ, ಹೊಸ ಅಪಾರ್ಟ್‌ಮೆಂಟ್. ಕಣ್ಣಿಗೆ ಕಂಡರೆ ಸಾಲದು. ನೋಟದ ಗೆರೆಯ ಸುತ್ತ ಸಿಗ್ನಲ್‌ಗೆ ಬೇಕಾದ ಖಾಲಿ ಜಾಗವನ್ನು ಫ್ರೆನೆಲ್ ವಲಯ ಅನ್ನುತ್ತಾರೆ, 2 ಕಿಲೋಮೀಟರ್ ದಾರಿಯ ನಡುವೆ ಅದರ ತ್ರಿಜ್ಯ 5 ಮೀಟರ್. ಗರಿ ದಾರಿಯ ಕೆಳಗಿದ್ದರೂ ಅಷ್ಟರೊಳಗೆ ಬಂದರೆ ಸಿಗ್ನಲ್ ಕುಗ್ಗುತ್ತದೆ. ಚಿತ್ರದುರ್ಗದವರ ಕಥೆ ಬೇರೆ. ಬಂಡೆಗುಡ್ಡದ ಹಿಂದೆ ಮನೆಯಿದ್ದರೆ ಏನೂ ಇಲ್ಲ, ಮೇಲೆ ಹತ್ತಿದರೆ ಬಯಲೆಲ್ಲ ನಿಮ್ಮದೇ. ಅಲ್ಲಿನ ಗುಡ್ಡಸಾಲಿನ ಗಾಳಿಯಂತ್ರಗಳನ್ನೂ ಗಮನದಲ್ಲಿಡಿ. ತಿರುಗುವ ರೆಕ್ಕೆ ಸಿಗ್ನಲನ್ನು ಪ್ರತಿಫಲಿಸುತ್ತದೆ, ಚಿತ್ರ ತಾಳಕ್ಕೆ ತಕ್ಕಂತೆ ಮಿನುಗಬಹುದು.

ಡಿಜಿಟಲ್: 4 ಮೆಗಾಹರ್ಟ್ಸ್‌ಗೂ ಹೊಂದುವ ದಾರಿ

ಮೇಲೆ ಬಿಟ್ಟುಬಂದ 434ರ ಬ್ಯಾಂಡಿಗೆ ಇಲ್ಲಿ ಮತ್ತೆ ಜೀವ ಬರುತ್ತದೆ. 1949ರಲ್ಲಿ ಶುರುವಾದ ಬ್ರಿಟಿಷ್ ಅಮೆಚೂರ್ ಟೆಲಿವಿಷನ್ ಕ್ಲಬ್‌ನವರು ಕಡಿಮೆ ಅಗಲದ ಡಿಜಿಟಲ್ ಟಿವಿಯನ್ನು ಬೆಳೆಸಿದರು. ರಾಸ್ಪ್‌ಬೆರಿ ಪೈ ಮತ್ತು ಲೈಮ್ ಎಸ್‌ಡಿಆರ್ ಇಟ್ಟುಕೊಂಡು ಕಟ್ಟುವ ಅವರ ಟ್ರಾನ್ಸ್‌ಸೀವರ್‌ನ ಹೆಸರು ಪೋರ್ಟ್ಸ್‌ಡೌನ್. ಉಪಗ್ರಹ ಟಿವಿಯ ಡಿವಿಬಿ-ಎಸ್ ವಿಧಾನದಲ್ಲಿ ಸೆಕೆಂಡಿಗೆ 333 ಕಿಲೋಸಿಂಬಲ್ ಕಳಿಸಿದರೆ ಅಗಲ 1.35 ಪಟ್ಟು, ಅಂದರೆ 450 ಕಿಲೋಹರ್ಟ್ಸ್. ತಪ್ಪು ತಿದ್ದುವ ಎಫ್‌ಇಸಿ ಕೋಡ್ 2/3 ಇಟ್ಟರೆ ಕೈಗೆ ಸಿಗುವುದು ಸುಮಾರು 400 ಕಿಲೋಬಿಟ್. ಎಚ್.264ನಲ್ಲಿ ಹಿಸುಕಿದರೆ ಮುಖ ಗುರುತು ಸಿಗುವ ಓಡುವ ಚಿತ್ರಕ್ಕೆ ಸಾಕು.

ಎರಡು ತೊಡಕು. ಎಫ್‌ಎಂ ಸೆಟ್ಟಿನ ಪವರ್ ಆಂಪ್ಲಿಫೈಯರ್ ಇದಕ್ಕೆ ನಡೆಯಲ್ಲ, ಸಿಗ್ನಲಿನ ಏರಿಳಿತ ಕೆಡಿಸದೆ ದೊಡ್ಡದು ಮಾಡುವ ಲೀನಿಯರ್ ಬೇಕು, ಅದನ್ನೂ ಪೂರ್ತಿ ಓಡಿಸಬಾರದು. ಮನೆಯ ಡಿಟಿಎಚ್ ಪೆಟ್ಟಿಗೆ ಇಷ್ಟು ಕಡಿಮೆ ಸಿಂಬಲ್ ರೇಟನ್ನು ಸಾಮಾನ್ಯವಾಗಿ ಹಿಡಿಯಲ್ಲ. ಆರ್‌ಟಿಎಲ್ ಡಾಂಗಲ್ (ಯುಎಸ್‌ಬಿಗೆ ಹಾಕುವ ಚಿಕ್ಕ ರಿಸೀವರ್) ಮತ್ತು ಕಂಪ್ಯೂಟರ್ ಬೇಕಾಗುತ್ತದೆ.

ಕಳಿಸುವುದಕ್ಕೆ ಮೊದಲು ಹಿಡಿಯುವ ಅಭ್ಯಾಸಕ್ಕೆ ಆಕಾಶದಲ್ಲೇ ಒಂದು ಬೀಕನ್ (ಸದಾ ಬರುತ್ತಿರುವ ಗುರುತಿನ ಸಿಗ್ನಲ್) ಇದೆ. 2018ರ ನವೆಂಬರ್‌ನಲ್ಲಿ ಹಾರಿದ ಎಸ್‌ಹೈಲ್-2 ಉಪಗ್ರಹದ ಹ್ಯಾಮ್ ಭಾಗ, ಕ್ಯೂಒ-100. ಟಿವಿ ಬೀಕನ್ 10491.5 ಮೆಗಾಹರ್ಟ್ಸ್, ಅಡ್ಡ (ಹಾರಿಜಾಂಟಲ್) ಧ್ರುವೀಕರಣ. ಡಿಶ್ ಮುಂದೆ ಕೂತು ಫ್ರೀಕ್ವೆನ್ಸಿ ಇಳಿಸುವ 9750ರ ಎಲ್‌ಎನ್‌ಬಿ ಹಾಕಿದರೆ ಕೆಳಗೆ 741.5ರಲ್ಲಿ ಸಿಗುತ್ತದೆ, ಡಾಂಗಲ್‌ಗೆ ಎಟುಕುವ ಜಾಗ. ನಮ್ಮ ಬೀದಿಯ ಡಿಶ್‌ಗಳೆಲ್ಲ ಆಗ್ನೇಯದ ಕಡೆ ಮುಖ ಮಾಡಿವೆ, ಇದನ್ನು ಪಶ್ಚಿಮಕ್ಕೆ ತಿರುಗಿಸಬೇಕು. ದಾವಣಗೆರೆಯಿಂದ ದಿಕ್ಕು ಉತ್ತರದಿಂದ 258 ಡಿಗ್ರಿ, ಎತ್ತರ 31 ಡಿಗ್ರಿ. ಆಫ್‌ಸೆಟ್ ಡಿಶ್ ಆದ್ದರಿಂದ ಬಹುತೇಕ ನೆಟ್ಟಗೆ ನಿಂತ ಹಾಗೆ ಕಾಣುತ್ತದೆ, ಗಾಬರಿಯಾಗಬೇಡಿ. ಎಲ್‌ಎನ್‌ಬಿಗೆ ಕೊಡುವ 18 ವೋಲ್ಟ್ ಡಾಂಗಲ್‌ಗೆ ಹೋಗದಂತೆ ನಡುವೆ ಬಯಾಸ್ ಟೀ (ಸಿಗ್ನಲ್ ಬಿಟ್ಟು ವೋಲ್ಟೇಜ್ ತಡೆಯುವ ಕೊಂಡಿ) ಇರಲೇಬೇಕು.

ಲೈಸೆನ್ಸ್, ರಿಪೋರ್ಟ್

ಕಳಿಸಲು ಲೈಸೆನ್ಸ್ ಬೇಕೇ ಬೇಕು. 12 ವರ್ಷ ತುಂಬಿದವರು ಎಎಸ್‌ಒಸಿ (ಹ್ಯಾಮ್ ಆಪರೇಟರ್ ಪ್ರಮಾಣಪತ್ರ) ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಇಲ್ಲ, ಜನರಲ್‌ಗೆ ನಿಮಿಷಕ್ಕೆ 8 ಪದದ ಮೋರ್ಸ್ ಇದೆ. ಪಾಸಾದ ಮೇಲೆ ನಿಮ್ಮ ದರ್ಜೆಗೆ ಯಾವ ಬ್ಯಾಂಡ್, ಎಷ್ಟು ಪವರ್, ಯಾವ ಬಗೆಯ ಎಮಿಷನ್ ಅಂತ ಲೈಸೆನ್ಸ್ ಪಟ್ಟಿಯನ್ನು ಓದಿ, ಆಮೇಲೆ ಸೆಟ್ ಕೊಳ್ಳಿ. ಸಿನಿಮಾ, ಹಾಡು, ಜಾಹೀರಾತು ಕಳಿಸುವಂತಿಲ್ಲ. ಕಾಲ್‌ಸೈನ್ ಚಿತ್ರದ ಮೇಲೇ ಬರೆದಿಡಿ, ಮಾತಿನಲ್ಲೂ ಹೇಳಿ.

ಚಿತ್ರ ಬಂದ ಮೇಲೆ ರಿಪೋರ್ಟ್ ಕೊಡುವ ರೀತಿ ಬೇರೆ. ಎಸ್‌ಎಸ್‌ಟಿವಿಗೆ ಆರ್‌ಎಸ್‌ವಿ (ಸ್ಪಷ್ಟತೆ, ಸಿಗ್ನಲ್ ಬಲ, ಚಿತ್ರದ ಗುಣ), ಪೂರ್ತಿ ಚೆನ್ನಾಗಿದ್ದರೆ 595. ಓಡುವ ಟಿವಿಗೆ ಪಿ0ಯಿಂದ ಪಿ5: ಪಿ5 ಅಂದರೆ ಚುಕ್ಕಿಯಿಲ್ಲದ ಚಿತ್ರ, ಪಿ1 ಅಂದರೆ ಏನೋ ಇದೆ ಅಂತ ಅನುಮಾನ. ಡಿಜಿಟಲ್‌ನಲ್ಲಿ ಬಂದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ, ಹಾಗಾಗಿ ಅಲ್ಲಿ ಡಿಕೋಡರ್ ತೋರಿಸುವ ಸಿಗ್ನಲ್-ನಾಯ್ಸ್ ಅಂಕಿಯನ್ನೇ ಹೇಳುತ್ತಾರೆ. ಸಂಕೋಚಕ್ಕೆ ಪಿ2ನ್ನು ಪಿ4 ಅನ್ನಬೇಡಿ. ಎದುರಿನವರು ಆ ಅಂಕಿ ನಂಬಿಯೇ ಆಂಟೆನಾ ತಿರುಗಿಸುತ್ತಿರುತ್ತಾರೆ.