ರೋಬೋಟ್‌ಗಳು ಎದುರಾದರೆ ಒಂದು ನಿಂತರೆ ಸಾಕಲ್ವಾ?

ಪ್ರಶ್ನೆ: ಗೋದಾಮಿನಲ್ಲಿ ಸಾಮಾನು ಸಾಗಿಸುವ ರೋಬೋಟ್‌ಗಳಿಗೆ ತಲಾ ಒಂದು ಹತ್ತಿರದ ದಾರಿ ಹುಡುಕಿ ಕೊಟ್ಟರಾಯ್ತು. ಎದುರುಬದುರಾದರೆ ಒಂದು ನಿಲ್ಲಲಿ. ಇದಕ್ಕೆ ಅಷ್ಟೊಂದು ಲೆಕ್ಕ ಯಾಕೆ?

ನಿಲ್ಲುವುದೇನೋ ಸರಿ, ಎಲ್ಲಿ ನಿಲ್ಲುವುದು ಮಾರಾಯ್ರೆ?

ಮಂಗಳೂರಿನಿಂದ ಉಡುಪಿಗೆ ರೈಲಿನಲ್ಲಿ ಹೋಗುವವರಿಗೆ ಇದು ಗೊತ್ತು. ತೋಕೂರು ದಾಟಿದರೆ ಕೊಂಕಣ ರೈಲ್ವೆಯ ಒಂಟಿ ಹಳಿ. ಗಾಡಿ ಮೂಲ್ಕಿಯಲ್ಲೋ ಇನ್ನಂಜೆಯಲ್ಲೋ ಸುಮ್ನೆ ನಿಂತುಬಿಡುತ್ತದೆ, ಪಕ್ಕದವರು "ಕ್ರಾಸಿಂಗ್ ಉಂಟು" ಅನ್ನುತ್ತಾರೆ, ಸ್ವಲ್ಪ ಹೊತ್ತಿಗೆ ಎದುರಿನ ಗಾಡಿ ದಡದಡ ಹೋಗುತ್ತದೆ. ನಮಗೆ ಬೇಜಾರು. ಆದರೆ ಎರಡು ಗಾಡಿ ನಡುದಾರಿಯಲ್ಲಿ ಮುಖಾಮುಖಿ ಆದ ಮೇಲೆ ಯಾವುದು ನಿಂತರೂ ಉಪಯೋಗ ಇಲ್ಲ. ಹಳಿಗೆ ಇಳಿಯುವ ಮೊದಲೇ ತೀರ್ಮಾನ ಆಗಿರಬೇಕು.

ಗೋದಾಮಿನ ರ‍್ಯಾಕ್‌ಗಳ ನಡುವಿನ ಓಣಿಯೂ ಹಾಗೆಯೇ, ಹೆಚ್ಚಾಗಿ ಒಂದು ರೋಬೋಟ್ ಹಿಡಿಸುವಷ್ಟೇ ಅಗಲ. ಲೆಕ್ಕಕ್ಕೆ ನೆಲವನ್ನು ಚೌಕಗಳಾಗಿ ಭಾಗ ಮಾಡಿಕೊಳ್ಳುತ್ತಾರೆ. ಹಾಗಾಗಿ ಇಲ್ಲಿ ದಾರಿ ಅಂದರೆ ಬರೀ ಚೌಕಗಳ ಸಾಲಲ್ಲ, ಯಾವ ಸೆಕೆಂಡಿಗೆ ಯಾವ ಚೌಕ ಅನ್ನುವುದೂ ಸೇರಿದ ಟೈಮ್‌ಟೇಬಲ್. ಒಂದೇ ಹೊತ್ತಿಗೆ ಒಂದೇ ಚೌಕದಲ್ಲಿ ಇಬ್ಬರು ಇರಬಾರದು. ಅಕ್ಕಪಕ್ಕದ ಇಬ್ಬರು ಒಮ್ಮೆಲೇ ಜಾಗ ಅದಲುಬದಲು ಮಾಡಲೂಬಾರದು. ಹೊಸಬರು ಈ ಎರಡನೆಯದನ್ನೇ ಮರೆಯುವುದು ಜಾಸ್ತಿ.

ಒಂದೇ ರೋಬೋಟ್‌ಗೆ ದಾರಿ ಹುಡುಕಲು 1968ರಲ್ಲೇ ಬಂದ ಎ-ಸ್ಟಾರ್ ವಿಧಾನ ಸಾಕು. ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಲು ಹೋದರೆ? ಪ್ರತಿಯೊಂದಕ್ಕೂ ಐದು ಆಯ್ಕೆ: ನಾಲ್ಕು ದಿಕ್ಕು, ಇಲ್ಲ ಅಲ್ಲೇ ನಿಲ್ಲುವುದು. ಹತ್ತು ರೋಬೋಟ್ ಇದ್ದರೆ ಒಂದೇ ಹೆಜ್ಜೆಗೆ 97,65,625 ಸಾಧ್ಯತೆ. ಅದು ಮೊದಲ ಹೆಜ್ಜೆಗೆ ಮಾತ್ರ.

ಸುಲಭದ ಉಪಾಯ ಸರದಿ ಹಾಕುವುದು. ಒಂದನೆಯದು ತನ್ನ ದಾರಿ ಬರೆಯುತ್ತದೆ, ಎರಡನೆಯದು ಅದನ್ನು ತಪ್ಪಿಸಿ ಬರೆಯುತ್ತದೆ, ಹೀಗೆ. ಇದು ಬಹಳ ಬೇಗ ಮುಗಿಯುತ್ತದೆ. ತೊಂದರೆ ಏನೆಂದರೆ, ಮೊದಲಿನದಕ್ಕೆ ಹಿಂದಿನವರ ಕಷ್ಟ ಗೊತ್ತೇ ಇಲ್ಲ. ಓಣಿಯಲ್ಲಿ ಪಕ್ಕಕ್ಕೆ ಸರಿಯುವ ಒಂದೇ ಜಾಗ ಅದರ ಬದಿಗಿದ್ದರೂ ಅದು ನೇರ ನುಗ್ಗುತ್ತದೆ, ಎದುರಿನದಕ್ಕೆ ಹೋಗಲು ಜಾಗವೇ ಉಳಿಯುವುದಿಲ್ಲ. ಕೆಲವು ನಕ್ಷೆಗಳಲ್ಲಿ ಸರದಿ ಹೇಗೆ ಬದಲಿಸಿದರೂ ಆಗುವುದಿಲ್ಲ.

ನನಗೆ ಇಷ್ಟವಾದದ್ದು 2012ರಲ್ಲಿ ಬಂದ ಕಾನ್‌ಫ್ಲಿಕ್ಟ್ ಬೇಸ್ಡ್ ಸರ್ಚ್, ಅಂದರೆ ಡಿಕ್ಕಿಗಳನ್ನು ಹುಡುಕಿ ಒಂದೊಂದಾಗಿ ಬಿಡಿಸುವ ವಿಧಾನ. ಮೊದಲು, ನೀವು ಹೇಳಿದ ಹಾಗೆಯೇ, ಎಲ್ಲರಿಗೂ ಅವರವರ ಹತ್ತಿರದ ದಾರಿ ಕೊಡುತ್ತದೆ. ಆಮೇಲೆ ಡಿಕ್ಕಿ ಎಲ್ಲಿ ಅಂತ ನೋಡುತ್ತದೆ. ಏಳನೇ ಸೆಕೆಂಡಿಗೆ ಒಂದು ಚೌಕದಲ್ಲಿ ಇಬ್ಬರು ಬಂದರೆ ಯೋಜನೆಯ ಎರಡು ಪ್ರತಿ ಮಾಡುತ್ತದೆ: ಒಂದರಲ್ಲಿ "ನೀನು ಆ ಹೊತ್ತಿಗೆ ಅಲ್ಲಿಗೆ ಬರಬೇಡ" ಅಂತ ಮೊದಲನೆಯದಕ್ಕೆ, ಇನ್ನೊಂದರಲ್ಲಿ ಅದೇ ಮಾತು ಎರಡನೆಯದಕ್ಕೆ. ಯಾರಿಗೆ ಹೇಳಿತೋ ಅವರ ದಾರಿ ಮಾತ್ರ ಹೊಸದು. ಒಟ್ಟು ಸಮಯ ಕಡಿಮೆ ಇರುವ ಪ್ರತಿಯನ್ನು ಎತ್ತಿಕೊಂಡು ಮುಂದಿನ ಡಿಕ್ಕಿ ಹುಡುಕುತ್ತದೆ. ಡಿಕ್ಕಿ ಇಲ್ಲದ ಪ್ರತಿ ಕೈಗೆ ಬಂದಾಗ ಅದಕ್ಕಿಂತ ಕಡಿಮೆ ಸಮಯದ ಯೋಜನೆ ಇಲ್ಲ ಅಂತ ಖಾತರಿ. ಇಕ್ಕಟ್ಟಾದ ಜಾಗದಲ್ಲಿ ಪ್ರತಿಗಳು ಬೆಳೆಯುತ್ತಲೇ ಹೋಗುತ್ತವೆ, ಅದು ಬೇರೆ ಮಾತು.

ಇಷ್ಟಾದರೂ ನೆಲದ ಮೇಲೆ ಚಕ್ರ ಜಾರುತ್ತದೆ, ಬ್ಯಾಟರಿ ಇಳಿಯುತ್ತದೆ, ರೋಬೋಟ್ ಎರಡು ಸೆಕೆಂಡ್ ತಡ. ಆಗ ಗಡಿಯಾರಕ್ಕೆ ಅಂಟಿಕೊಂಡರೆ ಡಿಕ್ಕಿಯೇ. ಅದಕ್ಕೇ ಓಡಿಸುವಾಗ ಸೆಕೆಂಡಿಗಿಂತ ಕ್ರಮವನ್ನು ಹಿಡಿಯುತ್ತಾರೆ: ಈ ಚೌಕದಲ್ಲಿ ಮೊದಲು ಅದು, ಆಮೇಲೆ ಇದು. ಅದು ಬಂದು ದಾಟುವವರೆಗೆ ಇದು ಕಾಯುತ್ತದೆ, ಇನ್ನಂಜೆಯಲ್ಲಿ ನಾವು ಕಾಯುವ ಹಾಗೆ.