ಅಂಡರ್‌ಡಾಗ್: ಸೋಲ್ತಾನೆ ಅಂತಲೇ ಕರೆಸಿಕೊಂಡವನು

ಐಪಿಎಲ್ ಸಮಯದಲ್ಲಿ ಹಾಸನದ ಬಿ.ಎಂ. ರಸ್ತೆಯ ಯಾವ ಟೀ ಅಂಗಡಿ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ: ‘ಅವ್ರನ್ನ ಲೈಟಾಗಿ ತಗೋಬೇಡ ಕಣ್ಲಾ, ಅಂಡರ್‌ಡಾಗ್‌ಗಳು ಅವ್ರು.’ ಹೊಸ ತಂಡ ಅಂದ್ರೂ ಅಂಡರ್‌ಡಾಗ್, ಬಡವರ ಮನೆ ಹುಡುಗ ಅಂದ್ರೂ ಅಂಡರ್‌ಡಾಗ್, ಫಾರ್ಮ್ ಕಳ್ಕೊಂಡ ಆಟಗಾರ ಅಂದ್ರೂ ಅಂಡರ್‌ಡಾಗ್. ಚುನಾವಣೆ ಬಂದರೆ ಠೇವಣಿ ಉಳಿಯೋದೇ ಕಷ್ಟ ಅನ್ನೋ ಅಭ್ಯರ್ಥಿ ಕೂಡ ಹಂಗೇ ಹೇಳಿಕೊಳ್ಳುತ್ತಾನೆ.

ಪದದ ಅರ್ಥ ಅಷ್ಟೊಂದು ಸಡಿಲ ಇಲ್ಲ. ‘ಇವನು ಸೋಲ್ತಾನೆ’ ಅಂತ ಆಟ ಶುರುವಾಗೋಕೆ ಮೊದಲೇ ಹೆಚ್ಚಿನವರು ತೀರ್ಮಾನ ಮಾಡಿಬಿಟ್ಟಿರುವ ಆಟಗಾರನೋ ತಂಡವೋ ಅಂಡರ್‌ಡಾಗ್. ಅವನ ಎದುರಿಗೆ ನಿಂತವನು ಫೇವರಿಟ್. ಪದ ಹುಟ್ಟಿದ್ದು 19ನೇ ಶತಮಾನದ ಇಂಗ್ಲಿಷಿನಲ್ಲಿ, ನಾಯಿ ಕಾಳಗದ ಕಣದಲ್ಲಿ. ಕಾದಾಟದಲ್ಲಿ ಕೆಳಗೆ ಬಿದ್ದ ನಾಯಿ ಅಂಡರ್‌ಡಾಗ್, ಅದರ ಮೇಲೆ ಹತ್ತಿ ಕೂತಿದ್ದು ಟಾಪ್‌ಡಾಗ್. ನಾಯಿ ಕಾಳಗ ಹೋಯಿತು, ಪದ ಉಳಿಯಿತು. ಅದು ಚೆನ್ನಾಗಿ ಬೇರು ಬಿಟ್ಟ ಜಾಗ ಬಾಕ್ಸಿಂಗ್ ರಿಂಗು. ಅಲ್ಲಿಂದ ಸಿನಿಮಾಕ್ಕೆ ಬಂತು.

ಒಂದು ಗೊಂದಲ ಮೊದಲು ಬಗೆಹರಿಸಿಕೊಳ್ಳೋಣ. ಬಡತನ ಬೇರೆ, ಅಂಡರ್‌ಡಾಗ್ ಬೇರೆ. ವಿಶ್ವ ಚಾಂಪಿಯನ್ ಬಾಕ್ಸರ್ ಆಗಿದ್ದ ಮೈಕ್ ಟೈಸನ್ ಬೆಳೆದದ್ದು ನ್ಯೂಯಾರ್ಕಿನ ಬ್ರೌನ್ಸ್‌ವಿಲ್ ಅನ್ನೋ ಕಡುಬಡವರ ಬೀದಿಗಳಲ್ಲಿ. ಆದರೆ 1990ರಲ್ಲಿ ಅವನನ್ನು ಅಂಡರ್‌ಡಾಗ್ ಅಂದಿದ್ದರೆ ಜನ ನಗುತ್ತಿದ್ದರು. ಒಬ್ಬ ಮನುಷ್ಯ ಹುಟ್ಟಾ ಅಂಡರ್‌ಡಾಗ್ ಆಗಿರುವುದಿಲ್ಲ. ಒಬ್ಬ ಎದುರಾಳಿಯ ಮುಂದೆ, ಒಂದು ದಿನದ ಮಟ್ಟಿಗೆ ಆಗಿರುತ್ತಾನೆ, ಅಷ್ಟೇ.

ಇನ್ನೊಂದು, ಪತ್ರಿಕೆಯವರು ಚುನಾವಣೆ ಹೊತ್ತಿಗೆ ಬರೆಯುವ ‘ಕಪ್ಪು ಕುದುರೆ’. ಎರಡೂ ಒಂದೇ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಮೂಡಿಗೆರೆ ಕಡೆ ಹೊನಲು ಬೆಳಕಿನ ಕಬಡ್ಡಿ ನಡೆಯುತ್ತಿದೆ ಅಂತ ಇಟ್ಕೊಳ್ಳಿ. ಯಾರೂ ಹೆಸರು ಕೇಳಿರದ ಒಂದು ಊರಿನ ತಂಡ ಬಂದಿದೆ. ಅವರ ರೈಡರ್ ಹೆಂಗೆ, ಕ್ಯಾಚರ್ ಹೆಂಗೆ ಯಾರಿಗೂ ಗೊತ್ತಿಲ್ಲ. ಅದು ಕಪ್ಪು ಕುದುರೆ. ಹೋದ ವರ್ಷವೂ ಬಂದು, ಮೊದಲ ಸುತ್ತಲ್ಲೇ ಸೋತು, ಈ ಸಲ ಅದೇ ಚಾಂಪಿಯನ್ ತಂಡದ ಎದುರು ಬಿದ್ದಿರುವ ತಂಡ ಅಂಡರ್‌ಡಾಗ್. ಮೊದಲನೆಯವರ ಬಗ್ಗೆ ಏನೂ ಗೊತ್ತಿಲ್ಲ. ಎರಡನೆಯವರ ಬಗ್ಗೆ ಎಲ್ಲ ಗೊತ್ತು ಅನ್ನೋ ಧೈರ್ಯ ಎಲ್ಲರಿಗೂ ಇದೆ.

ಈಗ ನನಗೆ ಹೆಚ್ಚು ಕುತೂಹಲ ಇರುವ ವಿಷಯಕ್ಕೆ ಬರುತ್ತೇನೆ. ಇಷ್ಟೊಂದು ಕೆಳಗಿರುವವನಿಗೆ ಚಾಂಪಿಯನ್ ಎದುರು ನಿಲ್ಲುವ ಅವಕಾಶ ಹೇಗೆ ಸಿಗುತ್ತದೆ?

ನಮ್ಮ ಕಡೆ ಜಾತ್ರೆಯ ಕುಸ್ತಿ ನೋಡಿದವರಿಗೆ ಈ ಪ್ರಶ್ನೆ ಬೇಗ ಅರ್ಥವಾಗುತ್ತದೆ. ಕುಸ್ತಿಗೆ ಮೊದಲು ‘ಜೋಡಿ ಕಟ್ಟುವುದು’ ಅಂತ ಒಂದು ಕೆಲಸ ಇದೆ. ಹುಡುಗರು ಅಂಗಿ ಬಿಚ್ಚಿ ಸಾಲಾಗಿ ನಿಲ್ಲುತ್ತಾರೆ. ವಯಸ್ಸಾದ ಪೈಲ್ವಾನರು ಒಬ್ಬೊಬ್ಬರ ಭುಜ, ಕತ್ತು, ತೊಡೆ ನೋಡುತ್ತಾರೆ. ಕಿವಿ ಮುದುರಿಕೊಂಡಿದ್ದರೆ ಹುಡುಗ ಗರಡಿಯಲ್ಲಿ ಚೆನ್ನಾಗಿ ಮಣ್ಣು ತಿಂದಿದ್ದಾನೆ ಅಂತ ಲೆಕ್ಕ. ಒಬ್ಬ ಬಿಸಿರಕ್ತದ ಹುಡುಗ ಮುಂದೆ ಬಂದು ‘ಅವ್ನ ಜೊತೆ ಬಿಡಿ ಅಣ್ಣ’ ಅಂತಾನೆ. ಹಿರಿಯರು ಇಬ್ಬರನ್ನೂ ಒಮ್ಮೆ ನೋಡಿ, ‘ಬ್ಯಾಡ ಕಣ್ ಮಗ, ಅವ್ನು ನಿಂಗೆ ಜೋಡಿ ಆಗಲ್ಲ’ ಅಂತಾರೆ. ಮುಗಿಯಿತು. ಕುಸ್ತಿ ಸಮಬಲದವರ ನಡುವೆ ಆಗಬೇಕು, ನೋಡುವವರಿಗೂ ಅದೇ ಚೆಂದ ಅನ್ನೋದು ಅವರ ನ್ಯಾಯ. ಆ ನ್ಯಾಯ ನೆಟ್ಟಗೆ ನಡೆದರೆ ಅಂಡರ್‌ಡಾಗ್ ಹುಟ್ಟೋಕೆ ಜಾಗವೇ ಇಲ್ಲ!

ಬಾಕ್ಸಿಂಗಿನಲ್ಲೂ ತೂಕದ ವಿಭಾಗಗಳಿವೆ, ನಿಜ. ಆದರೆ ತೂಕ ಸಮ ಇದ್ದ ಮಾತ್ರಕ್ಕೆ ಬಲ ಸಮ ಅಲ್ಲ. ಅದರಲ್ಲೂ ವೃತ್ತಿಪರ ಬಾಕ್ಸಿಂಗಿನಲ್ಲಿ ಜೋಡಿ ಕಟ್ಟುವವನು ಪ್ರಮೋಟರ್. ಅವನಿಗೆ ಟಿಕೆಟ್ ಮಾರಾಟ ಆಗಬೇಕು, ಚಾಂಪಿಯನ್ ಚಾಂಪಿಯನ್ನಾಗೇ ಉಳಿಯಬೇಕು. ದೊಡ್ಡ ಪಂದ್ಯಗಳ ಮಧ್ಯೆ ಒಂದು ಸುಲಭದ ಪಂದ್ಯ ಬೇಕು. ಆಗ ಹುಡುಕುವುದು ಎಂಥವನನ್ನ? ಹೆಸರು ಸ್ವಲ್ಪ ಇರಬೇಕು, ಹೊಡೆತ ತಡ್ಕೊಳ್ಳಬೇಕು, ಗೆಲ್ಲಬಾರದು. ಸೋಲ್ತಾನೆ ಅನ್ನೋ ಭರವಸೆಯೇ ಅವನ ಅರ್ಹತೆ. ಅಂಡರ್‌ಡಾಗ್ ಕಥೆಯ ಬೀಜ ಇಲ್ಲಿದೆ ಅಂತ ನನ್ನ ಅಭಿಪ್ರಾಯ. ಬೆವರು, ಛಲ, ಮುಂಜಾನೆ ಓಟ ಎಲ್ಲ ಆಮೇಲಿನದು.

ಚಕ್ ವೆಪ್ನರ್ ಅನ್ನೋನನ್ನು ನೋಡಿ. ನ್ಯೂಜೆರ್ಸಿಯ ಬೇಯೋನ್ ಊರಿನವನು. ಹೊಟ್ಟೆಪಾಡಿಗೆ ಮದ್ಯ ಮಾರುವ ಸೇಲ್ಸ್‌ಮನ್. ಮುಖದ ಚರ್ಮ ಬೇಗ ಹರಿದು ರಕ್ತ ಸುರಿಯುತ್ತದೆ ಅಂತ ಜನ ಅಡ್ಡಹೆಸರು ಬೇರೆ ಇಟ್ಟಿದ್ದರು. 1974ರ ಅಕ್ಟೋಬರಿನಲ್ಲಿ ಮುಹಮ್ಮದ್ ಅಲಿ ಜಾರ್ಜ್ ಫೋರ್‌ಮನ್‌ನನ್ನು ಕೆಡವಿ ಮತ್ತೆ ವಿಶ್ವ ಚಾಂಪಿಯನ್ ಆಗಿದ್ದ. ಅಂಥ ಕಾದಾಟದ ಮೇಲೆ ಒಂದು ಹಗುರ ಪಂದ್ಯ ಬೇಕಿತ್ತು. 1975ರ ಮಾರ್ಚ್ 24ರಂದು ಒಹಾಯೋದಲ್ಲಿ ವೆಪ್ನರ್‌ನನ್ನು ತಂದು ನಿಲ್ಲಿಸಿದರು. ಒಂಬತ್ತನೇ ರೌಂಡಿನಲ್ಲಿ ಅಲಿ ನೆಲಕ್ಕೆ ಬಿದ್ದ. ಕಾಲು ತುಳಿದಿದ್ದಕ್ಕೆ ಬಿದ್ದೆ ಅಂತ ಅಲಿ ಹೇಳಿದ, ಅದಿರಲಿ. ಕೊನೆಗೆ 15ನೇ ರೌಂಡಿನಲ್ಲಿ, ಪಂದ್ಯ ಮುಗಿಯಲು 19 ಸೆಕೆಂಡ್ ಇರುವಾಗ, ರೆಫರಿ ನಿಲ್ಲಿಸಿದರು. ವೆಪ್ನರ್ ಸೋತ. ಆದರೆ ಮೂರ್ನಾಲ್ಕು ರೌಂಡಲ್ಲಿ ಮುಗಿಯುತ್ತೆ ಅಂದುಕೊಂಡು ಬಂದವರು ಕೊನೆ ರೌಂಡಿನವರೆಗೂ ಕೂತಿದ್ದರು.

ಆ ಪಂದ್ಯ ನೋಡಿದವರಲ್ಲಿ ಕೈಯಲ್ಲಿ ಕಾಸಿಲ್ಲದ ನಟನೊಬ್ಬನಿದ್ದ, ಸಿಲ್ವೆಸ್ಟರ್ ಸ್ಟಲೋನ್. ಕೆಲವೇ ದಿನಗಳಲ್ಲಿ ಚಿತ್ರಕಥೆ ಬರೆದ. ನಾನೇ ನಾಯಕ ಆಗಬೇಕು ಅಂತ ಹಟ ಹಿಡಿದ. ಸುಮಾರು 10 ಲಕ್ಷ ಡಾಲರಿನಲ್ಲಿ, ಅಂದರೆ ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ ಕಾಸಿನಲ್ಲಿ, 1976ರಲ್ಲಿ ‘ರಾಕಿ’ ಬಂತು. ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ಅದಕ್ಕೇ ಹೋಯಿತು.

‘ರಾಕಿ’ ಅಂದ್ರೆ ಎಲ್ಲರಿಗೂ ನೆನಪಾಗೋದು ಫಿಲಡೆಲ್ಫಿಯಾ ಮ್ಯೂಸಿಯಂನ 72 ಮೆಟ್ಟಿಲು ಹತ್ತಿ ಕೈ ಎತ್ತುವ ದೃಶ್ಯ. ನನಗೆ ಅದಕ್ಕಿಂತ ಇಷ್ಟ ಬೇರೆ ಒಂದು ಚಿಕ್ಕ ದೃಶ್ಯ. ಚಾಂಪಿಯನ್ ಅಪೋಲೋ ಕ್ರೀಡ್‌ಗೆ ಎದುರಾಳಿ ಆಗಬೇಕಿದ್ದವನು ಗಾಯಗೊಂಡಿದ್ದಾನೆ. ದೊಡ್ಡವರು ಯಾರೂ ಸಿಗುತ್ತಿಲ್ಲ. ಅಪೋಲೋ ಸ್ಥಳೀಯ ಬಾಕ್ಸರ್‌ಗಳ ಪಟ್ಟಿ ತೆಗೆದು, ಅಡ್ಡಹೆಸರು ಚೆನ್ನಾಗಿದೆ, ಪ್ರಚಾರಕ್ಕೆ ಒಳ್ಳೇದು ಅಂತ ರಾಕಿಯನ್ನು ಆರಿಸುತ್ತಾನೆ. ಕೆಲವು ದಿನ ಕಳೆದು ಟಿವಿಯಲ್ಲಿ ರಾಕಿಯ ಸುದ್ದಿ ಬರುತ್ತದೆ. ಮಾಂಸದ ಕೋಲ್ಡ್ ಸ್ಟೋರೇಜಿನಲ್ಲಿ ನೇತು ಹಾಕಿದ ದನದ ತುಂಡಿಗೆ ಗುದ್ದುತ್ತಿದ್ದಾನೆ. ಅಪೋಲೋನ ತರಬೇತುದಾರ ಅದನ್ನು ನೋಡಿ ಗಾಬರಿಯಾಗಿ, ಬಾ ಇಲ್ಲಿ ನೋಡು ಅಂತ ಕರೆಯುತ್ತಾನೆ. ಅಪೋಲೋ ಪಂದ್ಯದ ವ್ಯಾಪಾರದ ಮಾತಲ್ಲಿ ಮುಳುಗಿದ್ದಾನೆ, ತಿರುಗಿ ಕೂಡ ನೋಡುವುದಿಲ್ಲ. ಫೇವರಿಟ್ ಆಗಿರುವುದರ ಅಪಾಯ ಪೂರ್ತಿ ಆ ಒಂದು ಕೋಣೆಯಲ್ಲಿದೆ.

ಇನ್ನು ಪಂದ್ಯ. ಹಿಂದಿನ ರಾತ್ರಿ ರಾಕಿ ಗೆಲ್ಲುವ ಮಾತೇ ಆಡುವುದಿಲ್ಲ. 15 ರೌಂಡೂ ನಿಲ್ಲಬೇಕು, ಕೊನೆ ಗಂಟೆ ಹೊಡೆದಾಗ ಕಾಲ ಮೇಲೆ ಇರಬೇಕು, ಅಷ್ಟೇ ಅವನ ಆಸೆ. ಕಣ್ಣು ಊದಿ ಮುಚ್ಚಿಹೋದಾಗ ರೆಪ್ಪೆ ಕೊಯ್ಯಿ ಅಂತ ತನ್ನ ಕೋಚ್‌ಗೇ ಹೇಳುತ್ತಾನೆ. ಕೊನೆಗೆ ಮೂವರು ತೀರ್ಪುಗಾರರಲ್ಲಿ ಇಬ್ಬರು ಅಪೋಲೋ ಕಡೆ, ಒಬ್ಬರು ಇವನ ಕಡೆ. ಸೋತ! ಸಿನಿಮಾ ನೋಡಿ ವರ್ಷಗಳಾದ ಎಷ್ಟೋ ಜನ ರಾಕಿ ಗೆದ್ದ ಅಂತಲೇ ವಾದ ಮಾಡುತ್ತಾರೆ. ಯಾಕಂದ್ರೆ ತೀರ್ಪು ಓದುವಾಗ ಅವನಿಗೂ ಅದು ಬೇಕಿಲ್ಲ, ನೋಡುವ ನಮಗೂ ಬೇಕಿಲ್ಲ. ತಾನು ಪ್ರೀತಿಸುವ ಹುಡುಗಿಯನ್ನು ಏಡ್ರಿಯನ್ ಅಂತ ಕೂಗುತ್ತಿದ್ದಾನೆ, ನಾವೂ ಅವಳನ್ನೇ ಹುಡುಕುತ್ತಿರುತ್ತೇವೆ.

ನಿಜವಾಗಿ ಗೆದ್ದವರೂ ಇದ್ದಾರೆ. ಜೇಮ್ಸ್ ಬ್ರಾಡಕ್ ಕಥೆ ಕಲ್ಪನೆಗಿಂತ ಜಾಸ್ತಿ. ಬಲಗೈ ಮುರಿದುಕೊಂಡಿದ್ದ. ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲ, ಬಂದರಿನಲ್ಲಿ ಮೂಟೆ ಹೊರುತ್ತಿದ್ದ, ಸಾಲದ್ದಕ್ಕೆ ಸರ್ಕಾರದ ಪರಿಹಾರ ಹಣ ತಗೊಂಡು ಸಂಸಾರ ನಡೆಸುತ್ತಿದ್ದ. ಬಲಗೈ ಬಳಸೋಕಾಗದೆ ಎಡಗೈಲೇ ದುಡಿದು ಆ ಕೈ ಗಟ್ಟಿಯಾಯಿತು ಅಂತಾರೆ. 1934ರಲ್ಲಿ ಬೆಳೆಯುತ್ತಿದ್ದ ಒಬ್ಬ ಬಾಕ್ಸರ್‌ಗೆ ಎದುರಾಳಿ ಬೇಕಾಗಿ, ಎರಡೇ ದಿನ ಮುಂಚೆ ಬ್ರಾಡಕ್‌ನನ್ನು ಕರೆಸಿದರು. ಅಲ್ಲೂ ಅದೇ ಲೆಕ್ಕ, ಇವನು ಸೋಲ್ತಾನೆ ಅಂತ. ಬ್ರಾಡಕ್ ಮೂರನೇ ರೌಂಡಲ್ಲಿ ಮುಗಿಸಿದ. ಮುಂದಿನ ವರ್ಷ ಜೂನ್ 13ರಂದು ಮ್ಯಾಕ್ಸ್ ಬೇರ್‌ನನ್ನು 15 ರೌಂಡುಗಳಲ್ಲಿ ಸೋಲಿಸಿ ಹೆವಿವೇಟ್ ಚಾಂಪಿಯನ್ ಆದ. ಪಡೆದ ಪರಿಹಾರ ಹಣವನ್ನು ಸರ್ಕಾರಕ್ಕೆ ವಾಪಸ್ ಕಟ್ಟಿದ. 2005ರ ‘ಸಿಂಡರೆಲಾ ಮ್ಯಾನ್’ ಅವನದೇ ಕಥೆ.

ಬಾಜಿ ಭಾಷೆಯಲ್ಲಿ ಹೇಳುವುದಾದರೆ 1990ರ ಟೋಕಿಯೋ ಪಂದ್ಯವೇ ದೊಡ್ಡದು. ಟೈಸನ್ ಎದುರು ಬಸ್ಟರ್ ಡಗ್ಲಸ್. ಒಂದು ಕ್ಯಾಸಿನೋ ಕೊಟ್ಟ ದರ 42ಕ್ಕೆ 1. ಡಗ್ಲಸ್ ಮೇಲೆ ನೂರು ಕಟ್ಟಿದವನಿಗೆ ಲಾಭವೇ 4200. ಪಂದ್ಯಕ್ಕೆ ಕೆಲವೇ ವಾರ ಮೊದಲು ಡಗ್ಲಸ್‌ನ ತಾಯಿ ತೀರಿಕೊಂಡಿದ್ದರು. ಎಂಟನೇ ರೌಂಡಿನಲ್ಲಿ ಬಿದ್ದು ಎದ್ದ. ಹತ್ತನೇ ರೌಂಡಿನಲ್ಲಿ ಟೈಸನ್‌ನನ್ನು ಬೀಳಿಸಿದ. ನೆಲದ ಮೇಲೆ ತಡವರಿಸುತ್ತಾ ಬಾಯಿಂದ ಜಾರಿದ ಮೌತ್‌ಗಾರ್ಡ್ ಹುಡುಕಿ ಅದನ್ನು ವಾರೆಯಾಗಿ ಬಾಯಿಗೆ ತುರುಕಿಕೊಂಡ ಟೈಸನ್‌ನ ಚಿತ್ರ ಬಾಕ್ಸಿಂಗ್ ಬಲ್ಲವರಿಗೆಲ್ಲ ಗೊತ್ತು.

ಇದು ಬಾಕ್ಸಿಂಗಲ್ಲೇ ಯಾಕೆ ಇಷ್ಟು ಚೆನ್ನಾಗಿ ಆಗುತ್ತದೆ? ಕ್ರಿಕೆಟಿನಲ್ಲಿ 60 ರನ್ ಹಿಂದೆ ಬಿದ್ದು ಕೊನೆ ಓವರ್‌ಗೆ ಬಂದರೆ ಮುಗಿದ ಕಥೆ. ಬಾಕ್ಸಿಂಗಿನಲ್ಲಿ ಅಂಕಗಳಲ್ಲಿ ಎಷ್ಟೇ ಹಿಂದಿದ್ದರೂ ಒಂದು ಗುದ್ದು ಸರಿಯಾಗಿ ದವಡೆಗೆ ಬಿದ್ದರೆ ಲೆಕ್ಕವೆಲ್ಲ ತಲೆಕೆಳಗು. ಇದಕ್ಕೆ ‘ಪಂಚರ್ಸ್ ಚಾನ್ಸ್’ ಅಂತ ಹೆಸರು. ಟಯರ್ ಪಂಚರ್ ಅಲ್ಲ, ಪಂಚ್ ಮಾಡುವವನಿಗೆ ಕೊನೆವರೆಗೂ ಉಳಿಯುವ ಅವಕಾಶ. ಜೊತೆಗೆ ರೌಂಡಿಗೊಂದು ಗಂಟೆ, ಮಧ್ಯೆ ಒಂದು ನಿಮಿಷ ಸ್ಟೂಲಿನ ಮೇಲೆ ಕೂರುವುದು, ಕೋಚ್ ಕಿವಿಯಲ್ಲಿ ಹೇಳುವ ಮಾತು. ಚಿತ್ರಕಥೆ ಬರೆಯುವವನಿಗೆ ದೃಶ್ಯ ವಿಂಗಡಿಸಿಯೇ ಕೊಟ್ಟಂತಿದೆ.

ಭಾರತದ ಸಿನಿಮಾಗಳಿಗೆ ಬಂದರೆ ಪದದ ಬಣ್ಣ ಸ್ವಲ್ಪ ಬದಲಾಗುತ್ತದೆ. ಇಲ್ಲಿ ಅಂಡರ್‌ಡಾಗ್‌ನನ್ನು ಸೋಲಿಸೋಕೆ ಅಂತಲೂ ರಿಂಗಿಗೆ ಕರೆಯುವುದಿಲ್ಲ. ಬಾಗಿಲಲ್ಲೇ ತಡೆಯುತ್ತಾರೆ. ಅನುರಾಗ್ ಕಶ್ಯಪ್ ಅವರ ‘ಮುಕ್ಕಾಬಾಜ್’ನಲ್ಲಿ ಹೀರೋಗೆ ನಿಜವಾದ ಎದುರಾಳಿ ರಿಂಗಿನೊಳಗೆ ಇಲ್ಲ, ಬಾಕ್ಸಿಂಗ್ ಆಡಳಿತವನ್ನು ಹಿಡಿತದಲ್ಲಿ ಇಟ್ಟುಕೊಂಡ ದಣಿ ಅವನು. ಜಾತಿ ಅಲ್ಲಿ ಬಚ್ಚಿಟ್ಟ ವಿಷಯ ಅಲ್ಲ. ಪಾ. ರಂಜಿತ್ ಅವರ 2021ರ ‘ಸಾರ್ಪಟ್ಟ ಪರಂಬರೈ’ ಎಪ್ಪತ್ತರ ದಶಕದ ಉತ್ತರ ಮದ್ರಾಸಿನ ಕಥೆ. ಚಾಂಪಿಯನ್ ವೇಂಬುಲಿ ಎದುರು ತನ್ನ ಪರಂಪರೆಯ, ಅಂದರೆ ಬಾಕ್ಸಿಂಗ್ ಗರಡಿಯ, ಪರವಾಗಿ ನಿಲ್ಲುವ ಹಕ್ಕಿಗೇ ಹೀರೋ ಕಬಿಲನ್ ಮೊದಲು ಹೊಡೆದಾಡಬೇಕು. ಈ ವಿಷಯದಲ್ಲಿ ನಾವೇನು ಹೊಸಬರಲ್ಲ. ಮಹಾಭಾರತದ ರಂಗದಲ್ಲಿ ಕರ್ಣ ಅರ್ಜುನನಿಗೆ ಸವಾಲು ಹಾಕಿದಾಗ ಕೃಪ ಕೇಳಿದ್ದು ಬಾಣದ ಗುರಿ ಹೇಗೆ ಅಂತಲ್ಲ, ನಿನ್ನ ಕುಲ ಯಾವುದು ಅಂತ.

ಕನ್ನಡದಲ್ಲಿ? ಶಿವರಾಜ್‌ಕುಮಾರ್ ‘ಯುವರಾಜ’ (2001), ಪುನೀತ್ ‘ಮೌರ್ಯ’ (2004), ಎರಡೂ ತೆಲುಗಿನಿಂದ ಬಂದ ಕಿಕ್‌ಬಾಕ್ಸಿಂಗ್ ಕಥೆಗಳು. 2019ರ ‘ಪೈಲ್ವಾನ್’ನಲ್ಲಿ ಸುದೀಪ್ ಮಣ್ಣಿನ ಅಖಾಡದಿಂದ ಬಾಕ್ಸಿಂಗ್ ರಿಂಗಿಗೆ ಹೋಗುತ್ತಾರೆ. ಮೂರೂ ನೋಡೋಕೆ ಮಜಾ ಇವೆ. ಆದರೆ ಒಂದು ತೊಡಕಿದೆ. ಹೀರೋ ತೆರೆ ಮೇಲೆ ಅಂಡರ್‌ಡಾಗ್, ಥಿಯೇಟರಿನಲ್ಲಿ ಫೇವರಿಟ್. ಹೊರಗೆ ಕಟೌಟಿಗೆ ಹಾಲು ಸುರಿದು ಒಳಗೆ ಬಂದವನಿಗೆ ಇವನು ಸೋಲಬಹುದು ಅನ್ನೋ ಅನುಮಾನ ಒಂದು ಸೆಕೆಂಡೂ ಬರುವುದಿಲ್ಲ. ಆ ಅನುಮಾನ ಇಲ್ಲದಿದ್ದರೆ ಪದಕ್ಕೆ ಅರ್ಥವೇ ಇಲ್ಲ. 1976ರಲ್ಲಿ ಸ್ಟಲೋನ್ ಮುಖ ಜನಕ್ಕೆ ಅಷ್ಟು ಗೊತ್ತಿರಲಿಲ್ಲ, ಅದೇ ಆ ಚಿತ್ರಕ್ಕೆ ವರವಾಯಿತು. ಆಮೇಲೆ ಅವನಿಗೂ ಅದೇ ಕಷ್ಟ ಬಂತು. ‘ರಾಕಿ 2’ರಲ್ಲಿ ಗೆದ್ದು ಚಾಂಪಿಯನ್ ಆಗಿಬಿಟ್ಟ, ‘ರಾಕಿ 3’ರಲ್ಲಿ ಅವನನ್ನು ಮತ್ತೆ ಕೆಳಗೆ ಬೀಳಿಸೋಕೆ ಇನ್ನೂ ದೊಡ್ಡ ಕಟ್ಟುಮಸ್ತಾದವನನ್ನು ಹುಡುಕಬೇಕಾಯಿತು. ಅಂಡರ್‌ಡಾಗ್ ಪಟ್ಟಕ್ಕೆ ಎಕ್ಸ್‌ಪೈರಿ ಡೇಟ್ ಇದೆ, ಗೆದ್ದ ರಾತ್ರಿಯೇ ಅದು ಮುಗಿಯುತ್ತದೆ. ಟೋಕಿಯೋದಲ್ಲಿ ಗೆದ್ದ ಡಗ್ಲಸ್ ಅದೇ ವರ್ಷ ಅಕ್ಟೋಬರಿನಲ್ಲಿ ಹೋಲಿಫೀಲ್ಡ್ ಅನ್ನೋ ಬಾಕ್ಸರ್ ಕೈಲಿ ಮೂರನೇ ರೌಂಡಿಗೇ ಮಲಗಿದ. ಆ ಸಲ ಅಯ್ಯೋ ಪಾಪ ಅಂದವರು ಕಡಿಮೆ.

ಬಳಸುವಾಗ ನೋಡಬೇಕಾದ್ದು ಇಷ್ಟೇ: ಯಾರ ಎದುರು ಅನ್ನೋದನ್ನೂ ಹೇಳಿ. ‘ನಮ್ಮ ಕಾಲೇಜ್ ಟೀಮ್ ಅಂಡರ್‌ಡಾಗ್’ ಅಂದರೆ ಅರ್ಧ ಮಾತು. ‘ಫೈನಲ್‌ನಲ್ಲಿ ಬೆಂಗಳೂರಿನವರ ಎದುರು ನಾವು ಅಂಡರ್‌ಡಾಗ್’ ಅಂದರೆ ಸರಿ. ಸೆಮಿಫೈನಲ್‌ನಲ್ಲಿ ಪಕ್ಕದ ತಾಲ್ಲೂಕಿನ ಎದುರು ನೀವೇ ಫೇವರಿಟ್ ಆಗಿದ್ದಿರಬಹುದು, ಅಲ್ವಾ?

ಇನ್ನು ಚಕ್ ವೆಪ್ನರ್. ಅಲಿ ಎದುರಿನ ಆ ರಾತ್ರಿಗೆ ಅವನಿಗೆ ಸಿಕ್ಕಿದ್ದು ಒಂದು ಲಕ್ಷ ಡಾಲರ್ ಎಂದೂ ಅಲಿಗೆ ಸಿಕ್ಕಿದ್ದು 15 ಲಕ್ಷ ಎಂದೂ ಹೇಳುತ್ತಾರೆ. ‘ರಾಕಿ’ ಸರಣಿ ಲೋಕವೆಲ್ಲ ಓಡಿತು, ಅದರ ಹಣದಲ್ಲಿ ವೆಪ್ನರ್‌ಗೆ ಪಾಲು ಇರಲಿಲ್ಲ. 2003ರಲ್ಲಿ ಅವನು ಸ್ಟಲೋನ್ ಮೇಲೆ ಕೋರ್ಟಿಗೆ ಹೋದ. 2006ರಲ್ಲಿ ಇಬ್ಬರೂ ರಾಜಿ ಮಾಡಿಕೊಂಡರು, ಮೊತ್ತ ಎಷ್ಟು ಅನ್ನೋದನ್ನು ಹೊರಗೆ ಬಿಡಲಿಲ್ಲ.