ಬೀರು, ಅಂಚೆ ಮತ್ತು ಕೆಳಗಿನ ಮೆಟ್ಟಿಲು

ಪ್ರತಿ ತಿಂಗಳು 20ನೇ ತಾರೀಕಿನ ಆಸುಪಾಸು ನಮ್ಮ ಆಫೀಸಿನಲ್ಲಿ ಯಾರಿಗೂ ಸಮಾಧಾನ ಇರುವುದಿಲ್ಲ. ಜಿಎಸ್‌ಟಿ ರಿಟರ್ನ್ ಹಾಕುವ ಗಡುವು. 2025ರ ಜನವರಿಯಲ್ಲಿ ಇದೇ ಗಡಿಬಿಡಿಯ ನಡುವೆ ನಮ್ಮ ಹಳೆಯ ಕ್ಲೈಂಟ್ ಒಬ್ಬರು ಬಂದು ಕೂತರು. ದಾವಣಗೆರೆಯಲ್ಲಿ ಬಾರ್ ಅಂಡ್ ರೆಸ್ಟೋರೆಂಟ್ ಇಟ್ಟಿದ್ದಾರೆ. ಅವರ ಅಡುಗೆಮನೆಯ ಲೆಕ್ಕ ಜಿಎಸ್‌ಟಿ ಒಳಗೆ, ಬೀರಿನ ಲೆಕ್ಕ ಜಿಎಸ್‌ಟಿ ಹೊರಗೆ. ಹಾಗಾಗಿ ನನಗೆ ಅವರದು ಒಂದು ಅಂಗಡಿ, ಎರಡು ತಲೆನೋವು.

‘ಸಾರ್, ಮೊನ್ನೆ ಎಂಆರ್‌ಪಿ ನೂರು ಇದ್ದ ಬಾಟ್ಲಿ ಇವತ್ತು ನೂರಾ ನಲವತ್ತೈದು. ಗಿರಾಕಿ ಮುಖ ನೋಡಿ ಬೈತಾನೆ. ನಾನೇ ಜೇಬಿಗೆ ಇಳಿಸಿದೆ ಅಂತಾನೆ. ಯಾಕೆ ಏರಿತು ಅಂತ ನಾಲ್ಕು ಸಾಲು ಬರ್ಕೊಡಿ, ಗೋಡೆಗೆ ಅಂಟಿಸ್ತೀನಿ’ ಅಂದರು.

ಅದೇ ವಾರ ಇನ್ನೊಬ್ಬ ಕ್ಲೈಂಟ್ ಫೋನ್ ಮಾಡಿದ್ದರು. ಸಣ್ಣ ಪ್ರಕಾಶಕರು, ವರ್ಷಕ್ಕೆ ಏಳೆಂಟು ಪುಸ್ತಕ ತರುತ್ತಾರೆ. ಬೀರಿನ ವಾಸನೆಗೂ ದೂರ. ಅವರ ಗೋಳು ಅಂಚೆಯದು. ‘ಬುಕ್ ಪೋಸ್ಟ್ ತೆಗೆದುಬಿಟ್ಟರಲ್ಲ ಸಾರ್, ಪುಸ್ತಕ ಕಳಿಸುವ ಖರ್ಚನ್ನು ಯಾವ ಹೆಸರಲ್ಲಿ ತೋರಿಸಲಿ? ನಷ್ಟ ಅಂತ ಬರೆದುಬಿಡಲಾ?’

ಇಬ್ಬರ ಕಡತವನ್ನೂ ಪಕ್ಕಪಕ್ಕ ಇಟ್ಟುಕೊಂಡಾಗ ನನಗೆ ಒಂದು ವಿಷಯ ಕಂಡಿತು. ಬೆಲೆ ಏರಿದೆ ಎಂದರೆ ಎಲ್ಲ ಮೆಟ್ಟಿಲೂ ಒಂದೊಂದು ಇಂಚು ಎತ್ತರವಾಯಿತು ಎಂದುಕೊಳ್ಳುತ್ತೇವೆ. ಈ ಎರಡು ಕಡೆಯೂ ಹಾಗೆ ಆಗಿರಲಿಲ್ಲ. ಕೆಳಗಿನ ಮೆಟ್ಟಿಲನ್ನೇ ಕಿತ್ತು ಹಾಕಿದ್ದರು.

ಮೊದಲು ಬೀರಿನ ಲೆಕ್ಕ. ಕುಡಿಯುವ ಮದ್ಯಕ್ಕೆ ಜಿಎಸ್‌ಟಿ ಇಲ್ಲ. ಸಂವಿಧಾನದಲ್ಲೇ ಅದನ್ನು ಹೊರಗಿಟ್ಟಿದ್ದಾರೆ. ಹಾಗಾಗಿ ರಾಜ್ಯ ಸರ್ಕಾರದ ಕೈಯಲ್ಲಿ ಉಳಿದಿರುವ ಕೆಲವೇ ದೊಡ್ಡ ತೆರಿಗೆಗಳಲ್ಲಿ ಅಬಕಾರಿಯೂ ಒಂದು. ಜಿಎಸ್‌ಟಿ ದರ ಬದಲಿಸಬೇಕೆಂದರೆ ಕೌನ್ಸಿಲ್ ಸೇರಬೇಕು, ಎಲ್ಲ ರಾಜ್ಯಗಳೂ ಕೂತು ಮಾತಾಡಬೇಕು. ಅಬಕಾರಿಗೆ ಅದೆಲ್ಲ ಬೇಡ, ರಾಜ್ಯದ್ದೇ ಒಂದು ಅಧಿಸೂಚನೆ ಸಾಕು. ಬಜೆಟ್ಟಿನ ಗುರಿಗಳನ್ನು ನೋಡಿ: ಕರ್ನಾಟಕದ ಅಬಕಾರಿ ಗುರಿ 2023-24ರಲ್ಲಿ 36,000 ಕೋಟಿ ರೂಪಾಯಿ, ಮುಂದಿನ ವರ್ಷ 38,525 ಕೋಟಿ, 2025-26ಕ್ಕೆ 40,000 ಕೋಟಿ. ಈ ಗುರಿ ಮುಟ್ಟಲು ಜನ ಇನ್ನಷ್ಟು ಕುಡಿಯಬೇಕು, ಇಲ್ಲವೇ ಕುಡಿಯುವಷ್ಟಕ್ಕೇ ಜಾಸ್ತಿ ಕೊಡಬೇಕು.

ಬೀರಿನ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ 2023ರ ಜುಲೈಯಲ್ಲಿ ಶೇಕಡಾ 175ರಿಂದ 185 ಆಯಿತು. 2024ರ ಫೆಬ್ರವರಿಯಿಂದ 195 ಇತ್ತು, ಇಲ್ಲಿನ ಲೆಕ್ಕವೆಲ್ಲ ಆಗಿನ ದರದ್ದು. ‘ನೂರಕ್ಕೆ ನೂರಕ್ಕಿಂತ ಜಾಸ್ತಿ ತೆರಿಗೆ ಹೇಗೆ ಹಾಕ್ತಾರೆ?’ ಎಂದು ನನ್ನ ಮಗಳು ಕೇಳಿದ್ದಳು. ಹಾಕಬಹುದು. ಬ್ರೂವರಿ ಬಿಲ್ ಮಾಡುವ ದರ 100 ರೂಪಾಯಿ ಆದರೆ ಸುಂಕ 195 ರೂಪಾಯಿ, ಅಷ್ಟೇ. ಇದರ ಮಜಾ ಎಂದರೆ, ಕಾರ್ಖಾನೆಯಲ್ಲಿ ಆಗುವ ಸಣ್ಣ ಏರಿಕೆ ನಮ್ಮ ಟೇಬಲ್ಲಿಗೆ ಬರುವಷ್ಟರಲ್ಲಿ ಮೂರು ಪಟ್ಟು ಆಗಿರುತ್ತದೆ. ಗಾಜಿನ ಬಾಟಲಿ ದುಬಾರಿಯಾಯಿತು ಎಂದು ಬ್ರೂವರಿ ಎರಡು ರೂಪಾಯಿ ಏರಿಸಿತು ಅಂದುಕೊಳ್ಳಿ. ಅದರ ಮೇಲೆ ಶೇಕಡಾ 195, ಅಂದರೆ 3 ರೂಪಾಯಿ 90 ಪೈಸೆ. ಒಟ್ಟು 5 ರೂಪಾಯಿ 90 ಪೈಸೆ. ಅದರ ಮೇಲೆ ಅಂಗಡಿಯವನ ಮಾರ್ಜಿನ್. ಗಿರಾಕಿ ಬೈಯುವುದು ಮಾತ್ರ ಅಂಗಡಿಯವನನ್ನು.

ಗಾಜಿನ ಬಾಟಲಿಗೆ ಬ್ರೂವರಿ ಜಿಎಸ್‌ಟಿ ಕಟ್ಟಿರುತ್ತದೆ. ಬೇರೆ ಕಾರ್ಖಾನೆ ಆದರೆ ಆ ತೆರಿಗೆಯನ್ನು ಮುಂದಿನ ಬಿಲ್ಲಿನಲ್ಲಿ ಹೊಂದಿಸಿಕೊಳ್ಳಬಹುದು. ಬೀರು ಜಿಎಸ್‌ಟಿ ಹೊರಗೆ ಇರುವುದರಿಂದ ಬ್ರೂವರಿಗೆ ಆ ದಾರಿ ಇಲ್ಲ. ಕಟ್ಟಿದ ತೆರಿಗೆ ಸುಮ್ನೆ ಖರ್ಚಿಗೆ ಸೇರುತ್ತದೆ. ಆ ಖರ್ಚಿನ ಮೇಲೂ ಮತ್ತೆ ಶೇಕಡಾ 195 ಕೂರುತ್ತಿತ್ತು. ತೆರಿಗೆಯ ಮೇಲೆ ತೆರಿಗೆ ಹೋಗಲೆಂದೇ ಜಿಎಸ್‌ಟಿ ತಂದದ್ದು, ಅಲ್ವಾ? ಬೀರಿನ ಮಟ್ಟಿಗೆ ಅದು ಹೋಗಿಲ್ಲ.

ಇಷ್ಟರವರೆಗೆ ಎಲ್ಲ ಬೀರಿಗೂ ಒಂದೇ ನ್ಯಾಯ. ಶೇಕಡಾವಾರು ಸುಂಕದ ಗುಣವೇ ಅದು. ಅಗ್ಗದ ಬಾಟಲಿಗೆ ಕಡಿಮೆ ರೂಪಾಯಿ, ದುಬಾರಿ ಬಾಟಲಿಗೆ ಜಾಸ್ತಿ ರೂಪಾಯಿ. 2025ರ ಜನವರಿ 20ರಂದು ಬದಲಾದದ್ದು ಇದು. ಹೊಸ ನಿಯಮದಲ್ಲಿ ಶೇಕಡಾ 195 ಅಥವಾ ಬಲ್ಕ್ ಲೀಟರಿಗೆ (ಅಂದರೆ ಅಳತೆಯ ಒಂದು ಲೀಟರ್ ಬೀರಿಗೆ) 130 ರೂಪಾಯಿ, ‘ಯಾವುದು ಹೆಚ್ಚೋ ಅದು’ ಎಂದಾಯಿತು. ನನ್ನ ಕಸುಬಿನಲ್ಲಿ ಈ ಮೂರು ಪದ ಕಂಡ ತಕ್ಷಣ ಕ್ಯಾಲ್ಕುಲೇಟರ್ ಕೈಗೆ ಬರುತ್ತದೆ.

ಬಾಟಲಿ 650 ಮಿಲಿ. ಲೀಟರಿಗೆ 130 ಎಂದರೆ ಬಾಟಲಿಗೆ 84 ರೂಪಾಯಿ 50 ಪೈಸೆ. ಇದು ಆಗಿನ ಕನಿಷ್ಠ, ಇದಕ್ಕಿಂತ ಕೆಳಗೆ ಸುಂಕವೇ ಇರಲಿಲ್ಲ. ಬ್ರೂವರಿ 30 ರೂಪಾಯಿಗೆ ಬಿಲ್ ಮಾಡುವ ಒಂದು ಬಾಟಲಿ ಇದೆ ಅಂದುಕೊಳ್ಳೋಣ. ಹಳೆಯ ಲೆಕ್ಕದಲ್ಲಿ ಅದರ ಸುಂಕ 58 ರೂಪಾಯಿ 50 ಪೈಸೆ. ಹೊಸದರಲ್ಲಿ 84 ರೂಪಾಯಿ 50 ಪೈಸೆ. 26 ರೂಪಾಯಿ ಒಂದೇ ಏಟಿಗೆ. ಬ್ರೂವರಿ 80 ರೂಪಾಯಿಗೆ ಬಿಲ್ ಮಾಡುವ ಬಾಟಲಿಗೆ ಆಗಲೇ 156 ರೂಪಾಯಿ ಸುಂಕ ಇತ್ತು. ಕನಿಷ್ಠ ಮಿತಿ ಅದರ ಕಾಲಿಗೂ ತಾಗಲಿಲ್ಲ. ಗಡಿ ಬಂದದ್ದು ಸುಮಾರು 43 ರೂಪಾಯಿಗೆ. ಅದಕ್ಕಿಂತ ಕಡಿಮೆಗೆ ಬಿಲ್ ಆಗುವ ಬೀರಿಗೆಲ್ಲ ಏಟು, ಮೇಲಿನವು ಪಾರು.

ಇದರ ಜೊತೆಗೆ ಮೂಲ ಅಬಕಾರಿ ಸುಂಕವನ್ನೂ ಅಮಲಿನ ಪ್ರಮಾಣ ನೋಡಿ ಬೇರೆ ಮಾಡಿದರು. ಶೇಕಡಾ 5ರವರೆಗಿನ ಬೀರಿಗೆ ಲೀಟರಿಗೆ 12 ರೂಪಾಯಿ, ಅದಕ್ಕಿಂತ ಸ್ಟ್ರಾಂಗ್ ಆದರೆ 20. ನಮ್ಮ ಕಡೆ ಅಗ್ಗದ ಬೀರು ಎಂದರೆ ಬಹುಪಾಲು ಸ್ಟ್ರಾಂಗ್ ಬೀರೇ. ಅದನ್ನು ಕುಡಿಯುವವರು ಯಾರು ಎಂದು ಆ ಬಾರಿನ ಸಂಜೆ ಏಳು ಗಂಟೆಯ ಟೇಬಲ್ ನೋಡಿದವರಿಗೆ ಗೊತ್ತು: ಗಾರೆ ಕೆಲಸದವರು, ಲಾರಿಯವರು, ಎಪಿಎಂಸಿ ಹಮಾಲರು.

ಫಲಿತಾಂಶ ಪತ್ರಿಕೆಗಳಲ್ಲೇ ಬಂತು. ಲೆಜೆಂಡ್ ಬೀರು 100 ರೂಪಾಯಿಯಿಂದ 145, ಪವರ್ ಕೂಲ್ 130ರಿಂದ 155. ಮೇಲಿನ ಸಾಲಿನ ವುಡ್‌ಪೆಕರ್ ಕ್ರೆಸ್ಟ್ 240ರಿಂದ 250. ಒಂದು ಕಡೆ ಶೇಕಡಾ 45, ಇನ್ನೊಂದು ಕಡೆ ಶೇಕಡಾ 4. ಐದು ತಿಂಗಳ ಹಿಂದೆ, 2024ರ ಆಗಸ್ಟ್‌ನಲ್ಲಿ, ಇದೇ ರಾಜ್ಯದಲ್ಲಿ ವಿಸ್ಕಿ, ಬ್ರಾಂದಿಗಳ ಸುಂಕದ ಸ್ಲ್ಯಾಬ್‌ಗಳನ್ನು (ಬೆಲೆ ನೋಡಿ ಮಾಡಿದ ಹಂತಗಳನ್ನು) 18ರಿಂದ 16ಕ್ಕೆ ಇಳಿಸಿ ದುಬಾರಿ ಬ್ರ್ಯಾಂಡುಗಳ ಬೆಲೆ ಕಡಿಮೆ ಮಾಡಿದ್ದರು. ಪಕ್ಕದ ರಾಜ್ಯಗಳಲ್ಲಿ ಅಗ್ಗ, ನಮ್ಮವರು ಅಲ್ಲಿಂದ ತರುತ್ತಾರೆ ಎಂಬುದು ಕಾರಣ. ಕಾರಣ ಸುಳ್ಳಲ್ಲ. ದುಬಾರಿ ಬಾಟಲಿ ಕೊಳ್ಳುವವನಿಗೆ ಕಾರಿದೆ, ಗಡಿ ದಾಟುತ್ತಾನೆ. ಹಮಾಲಿ ಮಾಡುವವನು ಒಂದು ಬೀರಿಗಾಗಿ ಗೋವಾಕ್ಕೆ ಹೋಗುತ್ತಾನೆಯೇ?

ಬೀರು ಕುಡಿಯದಿದ್ದರೆ ಯಾರೂ ಸಾಯುವುದಿಲ್ಲ, ಏರಿಸಿದರೆ ಒಳ್ಳೆಯದೇ ಎನ್ನುವವರು ಇದ್ದಾರೆ. ನನ್ನ ಹೆಂಡತಿಯೂ ಅವರಲ್ಲಿ ಒಬ್ಬಳು. ವಾದದಲ್ಲಿ ತಿರುಳಿದೆ. ಆದರೆ ಅಗ್ಗದ ಬೀರು 145 ಆದಾಗ ಆ ಟೇಬಲ್ಲಿನವರು ಹಾಲು ಕುಡಿಯಲು ಹೋಗಲಿಲ್ಲ. ಕ್ವಾರ್ಟರ್ ಕಡೆಗೆ ತಿರುಗಿದರು. ಅದು ಆ ಬಾರಿನ ಸ್ಟಾಕ್ ಪುಸ್ತಕದಲ್ಲಿ ನಾನು ಕಂಡದ್ದು. ಒಂದು ಬಾರಿನ ಲೆಕ್ಕದಿಂದ ಊರಿನ ಲೆಕ್ಕ ಹೇಳಲು ಬರುವುದಿಲ್ಲ, ಅದೂ ಗೊತ್ತು.

ಈಗ ಅಂಚೆ. ಇಲ್ಲಿ ಸುಂಕದ ಆಟವಿಲ್ಲ. ಆಟ ಬೇರೆ.

ಪ್ರಕಾಶಕರು ಹೇಳಿದ ಬುಕ್ ಪೋಸ್ಟ್ ಎಂದರೆ ಮುದ್ರಿತ ಪುಸ್ತಕಗಳಿಗೆ ಇದ್ದ ರಿಯಾಯಿತಿ ದರದ ಸೇವೆ. ರಿಜಿಸ್ಟರ್ ಮಾಡಿಸಿದರೂ ಐದು ಕೆಜಿ ಪುಸ್ತಕ 80 ರೂಪಾಯಿಗೆ ದೇಶದ ಯಾವ ಮೂಲೆಗೂ ಹೋಗುತ್ತಿತ್ತು. 2024ರ ಡಿಸೆಂಬರ್ 18ರಂದು ಅದು ನಿಂತಿತು. ದರ ಏರಿಸಿದ್ದೇವೆ ಎಂದು ಯಾರೂ ಹೇಳಲಿಲ್ಲ, ಏಕೆಂದರೆ ಏರಿಸಿರಲೇ ಇಲ್ಲ. ಸೇವೆಯೇ ಇಲ್ಲವಾಯಿತು. ಕೌಂಟರಿನಲ್ಲಿ ಸಾಮಾನ್ಯ ಪಾರ್ಸಲ್ಲಿನ ದರ ಕೇಳಿದಾಗ ಗೊತ್ತಾದದ್ದು, ಐದು ಕೆಜಿಯ ಅದೇ ಕಟ್ಟಿಗೆ ಎರಡೂವರೆ ಪಟ್ಟಿಗಿಂತ ಜಾಸ್ತಿ ಎಂದು. 200 ರೂಪಾಯಿಯ ಕಾದಂಬರಿಯಲ್ಲಿ ಅಂಗಡಿಯವರ ಕಮಿಷನ್, ಪ್ರೆಸ್ಸಿನವರ ಬಿಲ್, ಲೇಖಕರ ಗೌರವಧನ ಕಳೆದು ಉಳಿಯುವುದೇ ಬಿಡಿಕಾಸು. ಅದರಲ್ಲಿ ಅಂಚೆಗೆ ಎಲ್ಲಿಂದ ತರುವುದು?

ಪ್ರಕಾಶಕರು ಗಲಾಟೆ ಮಾಡಿದರು. 2025ರ ಮೇ 1ರಿಂದ ಜ್ಞಾನ್ ಪೋಸ್ಟ್ ಎಂಬ ಹೊಸ ಸೇವೆ ಬಂತು. 300 ಗ್ರಾಂವರೆಗೆ 20 ರೂಪಾಯಿ, ಐದು ಕೆಜಿಗೆ 100 ರೂಪಾಯಿ, ಮೇಲೆ ತೆರಿಗೆ. ಪುಸ್ತಕದಲ್ಲಿ ಜಾಹೀರಾತು ಇರಬಾರದು, ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಬೇಕು. ಒಳ್ಳೆಯದೇ, ಒಪ್ಪುತ್ತೇನೆ. ಆದರೆ ‘ಮೇಲೆ ತೆರಿಗೆ’ ಎಂಬಲ್ಲಿ ನೋಡಿ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಹಾಗಾಗಿ ಅಂಚೆಗೆ ಕಟ್ಟಿದ ಜಿಎಸ್‌ಟಿಯನ್ನು ಪ್ರಕಾಶಕರು ಎಲ್ಲೂ ಹೊಂದಿಸಿಕೊಳ್ಳುವಂತಿಲ್ಲ. ಬೀರಿನ ಬಾಟಲಿಯ ಕಥೆಯೇ. ಇದನ್ನು ಹೇಳಿದಾಗ ಆ ಪ್ರಕಾಶಕರು ‘ನಮ್ಮನ್ನು ಯಾರ ಜೊತೆ ಕೂರಿಸ್ತೀರಿ ಸಾರ್’ ಎಂದು ನಕ್ಕರು.

ನನ್ನ ಆಫೀಸಿಗೇ ಏಟು ಬಿದ್ದದ್ದು ರಿಜಿಸ್ಟರ್ಡ್ ಪೋಸ್ಟ್ ಹೋದಾಗ. 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದರು. ಆ ವರ್ಷದ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ದರವನ್ನೂ ಬದಲಿಸಿದರು. ಹಿಂದಿನ ಪರಿಷ್ಕರಣೆ 2012ರದು. ಹದಿಮೂರು ವರ್ಷ ಕೈ ಕಟ್ಟಿ ಕೂತು ಒಂದೇ ಸಲ ಎದ್ದರೆ ಯಾರಿಗಾದರೂ ಗಾಬರಿಯಾಗುತ್ತದೆ.

ಚೆಕ್ ಬೌನ್ಸ್ ಆದರೆ 30 ದಿನದೊಳಗೆ ನೋಟಿಸ್ ಕೊಡಬೇಕು. ಅದು ತಲುಪಿತು ಎಂಬುದಕ್ಕೆ ದಾಖಲೆ ಬೇಕು. ಮೂರು ಹಾಳೆಯ ನೋಟಿಸ್, ಕವರ್ ಸೇರಿ ಸುಮಾರು 20 ಗ್ರಾಂ. ಹಳೆಯ ರಿಜಿಸ್ಟರ್ಡ್ ಪೋಸ್ಟ್‌ಗೆ 5 ರೂಪಾಯಿ ಅಂಚೆ, 17 ರೂಪಾಯಿ ರಿಜಿಸ್ಟ್ರೇಷನ್, ಜಿಎಸ್‌ಟಿ ಸೇರಿ ಸುಮಾರು 26. ಈಗ ಊರಾಚೆಗೆ 50 ಗ್ರಾಂವರೆಗೆ 47 ರೂಪಾಯಿ. ವಿಳಾಸದಾರರ ಕೈಗೇ ಕೊಡಬೇಕು ಎಂದರೆ ರಿಜಿಸ್ಟ್ರೇಷನ್ನಿಗೆ ಇನ್ನು 5. ಎರಡಕ್ಕೂ ಶೇಕಡಾ 18 ಜಿಎಸ್‌ಟಿ. ಒಟ್ಟು 61 ರೂಪಾಯಿ 36 ಪೈಸೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಊರೊಳಗಿನ ದರ 19 ರೂಪಾಯಿ ಮಾತ್ರ. ಎಂಟು ಹಾಳೆಯ ದಪ್ಪ ನೋಟಿಸನ್ನು ಊರೊಳಗೇ ಕಳಿಸಿದರೆ ಈಗ 28 ಚಿಲ್ಲರೆ. ಹಳೆಯ ಲೆಕ್ಕದಲ್ಲಿ 38ರ ಹತ್ತಿರ ಆಗುತ್ತಿತ್ತು. ಅಂದರೆ ಭಾರದ ಕಾಗದಕ್ಕೆ ಲಾಭವೂ ಇದೆ. ಎಲ್ಲಿ ಪೆಟ್ಟು ಎಂದರೆ ಹಗುರ ಕಾಗದಕ್ಕೆ, ದೂರದ ಊರಿಗೆ. ಸಾಲ ಕೊಟ್ಟು ಸಿಕ್ಕಿಹಾಕಿಕೊಂಡ ಸಣ್ಣ ವ್ಯಾಪಾರಿಯ ನೋಟಿಸ್ ಹೋಗುವುದು ಹೀಗೆಯೇ.

‘ಸರ್ಕಾರದ ಹಣದುಬ್ಬರದ ಅಂಕಿ ಇಷ್ಟು ಕಡಿಮೆ ಇದೆಯಲ್ಲ, ನಮಗ್ಯಾಕೆ ಹಾಗನಿಸಲ್ಲ?’ ಎಂದು ಕ್ಲೈಂಟುಗಳು ಕೇಳುತ್ತಾರೆ. ಆಗ ಇದ್ದ, 2012ರ ಬೆಲೆ ಆಧರಿಸಿದ ಸೂಚ್ಯಂಕದಲ್ಲಿ ಪಾನು, ತಂಬಾಕು, ಮದ್ಯ ಮೂರೂ ಸೇರಿ ನೂರರಲ್ಲಿ 2.38ರ ಪಾಲು ಇತ್ತು. ಬೀರು ಅದರೊಳಗಿನ ಒಂದು ತುಣುಕು. ಅಗ್ಗದ ಬಾಟಲಿ ಅರ್ಧದಷ್ಟು ಏರಿದರೂ ಸೂಚ್ಯಂಕ ಕಣ್ಣು ಪಿಳುಕಿಸುತ್ತಿರಲಿಲ್ಲ.

ಬೆಲೆ ಏರಿಸದೆ ಏರಿಸುವ ಬೇರೆ ಉಪಾಯಗಳೂ ಇವೆ. ಐದು ರೂಪಾಯಿ ಬಿಸ್ಕತ್ ಪ್ಯಾಕೆಟ್ಟಿನ ತೂಕ ಇಳಿಯುವುದನ್ನು ಎಲ್ಲರೂ ಕಂಡಿದ್ದೇವೆ. 2024ರ ಜೂನ್‌ನಲ್ಲಿ ನಂದಿನಿ ಹಾಲಿಗೆ 50 ಮಿಲಿ ಜಾಸ್ತಿ ಹಾಕಿ ಎರಡು ರೂಪಾಯಿ ತೆಗೆದುಕೊಂಡಾಗ ಇದು ಏರಿಕೆಯೇ ಅಲ್ಲ ಎಂದರು. ಬೀರಿನವರಿಗೆ ಈ ಸೌಕರ್ಯ ಇಲ್ಲ. ಬಾಟಲಿ 650 ಎಂದರೆ 650.

ಕಿತ್ತು ಹಾಕದ ಮೆಟ್ಟಿಲು ಒಂದು ಉಳಿದಿದೆ. ಪೋಸ್ಟ್‌ಕಾರ್ಡ್. 1879ರಲ್ಲಿ ಕಾಲಾಣೆಗೆ ಶುರುವಾದದ್ದು, ಈಗ 50 ಪೈಸೆ. ಒಂದು ಕಾರ್ಡ್ ತಲುಪಿಸಲು ಇಲಾಖೆಗೆ ಆಗುವ ಖರ್ಚು ಏಳು ರೂಪಾಯಿಗೂ ಜಾಸ್ತಿ. ಬರಹ ಅಚ್ಚಾಗಿದ್ದರೆ ಆರು ರೂಪಾಯಿ, ಕೈಬರಹ ಆದರೆ ಎಂಟಾಣೆ. ಹಾಗಾಗಿ ರಿಟರ್ನ್ ಗಡುವು ನೆನಪಿಸುವ ಕಾರ್ಡುಗಳನ್ನು ನಾನು ಈಗ ಕೈಯಲ್ಲೇ ಬರೆಯುತ್ತೇನೆ. ಒಂದೇ ಕಾರ್ಡ್ ಕೇಳಿದರೆ ಕೌಂಟರಿನಲ್ಲಿ ಚಿಲ್ಲರೆ ಇರುವುದಿಲ್ಲ. ನಲವತ್ತು ಕೊಂಡರೆ 20 ರೂಪಾಯಿ, ಸರಿಹೋಗುತ್ತದೆ.

ಕಳೆದ ತಿಂಗಳು ಬಾರಿನವರು ಆ ಕಾರ್ಡ್ ಹಿಡಿದುಕೊಂಡೇ ಆಫೀಸಿಗೆ ಬಂದರು. ಹಿಂದೆ ಮುಂದೆ ತಿರುಗಿಸಿ ನೋಡಿದರು.

‘ಸಾರ್, ಇದು ಇನ್ನೂ ಸಿಗುತ್ತಾ? ಎಷ್ಟು?’

‘ಎಂಟಾಣೆ.’

‘ಅವರಿಗೆ ಹೇಳ್ಬೇಡಿ ಸಾರ್’ ಎಂದು ಅದನ್ನು ಜೇಬಿಗೆ ಇಟ್ಟುಕೊಂಡರು.